ಸ್ಯಾಂ ಮಾಲೋದಲ್ಲಿ ಒಂದು ದಿನ: ಕೆಂಪು ಅಂಕಣದ ಟೆನಿಸ್ ನೋಡುವುದು ಹೇಗೆ

ಏಪ್ರಿಲ್ ಕೊನೆಗೋ ಮೇ ಶುರುವಿಗೋ ಫ್ರಾನ್ಸಿಗೆ ಬರುವವರಿದ್ದೀರಾ? ಟೆನಿಸ್ ಇಷ್ಟವೇ? ಹಾಗಿದ್ದರೆ ಫ್ರೆಂಚ್ ಓಪನ್ ಟಿಕೆಟ್ಟಿಗೆ ಪರದಾಡುವ ಮೊದಲು ವಾಯವ್ಯ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಡಲತೀರದ ಸ್ಯಾಂ ಮಾಲೋಗೆ ಒಂದು ದಿನ ಮೀಸಲಿಡಿ. ಅಲ್ಲಿ ಪ್ರತಿ ವರ್ಷ, ಫ್ರೆಂಚ್ ಓಪನ್ನಿನಂತೆಯೇ ಇಟ್ಟಿಗೆ ಪುಡಿಯ ಕೆಂಪು ಮಣ್ಣಿನ ಅಂಕಣದಲ್ಲಿ, ಮಹಿಳೆಯರ ಒಂದು ಪುಟ್ಟ ವೃತ್ತಿಪರ ಟೂರ್ನಿ ನಡೆಯುತ್ತದೆ. ಹೆಸರು ‘ಓಪನ್ 35’. 35 ಎಂದರೆ ಆ ಜಿಲ್ಲೆಯ ಸಂಖ್ಯೆ. 2021ರಿಂದ ಅದು ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) 125 ದರ್ಜೆಯದು. ಅಂದರೆ ಗೆದ್ದವಳಿಗೆ 125 ರ‍್ಯಾಂಕಿಂಗ್ ಅಂಕ. ಗ್ರ್ಯಾಂಡ್ ಸ್ಲಾಮ್ ಗೆದ್ದರೆ ಸಿಗುವುದು 2000. ಆ ಅಂತರ ನೋಡಿ ಟೂರ್ನಿಯನ್ನು ಅಳೆಯಬೇಡಿ.

ನಾನಿರುವುದು ರೆನ್ ನಗರದಲ್ಲಿ, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಿಂದ ಬರುವವರಿಗೆ ಸುಮಾರು ಎರಡೂವರೆ ಗಂಟೆ. ನನ್ನ ಮಾತು ಕೇಳುವುದಾದರೆ ಫೈನಲ್ ದಿನ ಬರಬೇಡಿ. ಮಂಗಳವಾರ ಅಥವಾ ಬುಧವಾರ ಬನ್ನಿ. ಆಗ ಎಲ್ಲ ಅಂಕಣಗಳಲ್ಲೂ ಆಟವಿರುತ್ತದೆ, ಒಂದು ಪಂದ್ಯ ಸಪ್ಪೆ ಎನಿಸಿದರೆ ಪಕ್ಕದ ಅಂಕಣಕ್ಕೆ ನಡೆದು ಹೋಗಬಹುದು.

ಬರುವ ಮುನ್ನ ಒಂದು ಕೆಲಸ ಮಾಡಿ. ಅದೇ ದಿನಗಳಲ್ಲಿ ಮ್ಯಾಡ್ರಿಡ್‌ನಲ್ಲಿ ದೊಡ್ಡ ಟೂರ್ನಿ ನಡೆಯುತ್ತಿರುತ್ತದೆ. ಅಲ್ಲಿ ಮೊದಲ ಸುತ್ತುಗಳಲ್ಲೇ ಸೋತವರು ಯಾರೆಂದು ನೋಡಿಕೊಳ್ಳಿ. ಫ್ರೆಂಚ್ ಓಪನ್ ಹತ್ತಿರ ಬರುತ್ತಿರುವಾಗ ಅವರಿಗೆ ಮಣ್ಣಿನ ಮೇಲೆ ಇನ್ನಷ್ಟು ಪಂದ್ಯಗಳು ಬೇಕು. ಅವರಲ್ಲಿ ಕೆಲವರು ಇಲ್ಲಿಗೆ ಬರುತ್ತಾರೆ. 2025ರಲ್ಲಿ ಹೀಗೆ ಬಂದವಳು ಜಪಾನಿನ ನವೋಮಿ ಒಸಾಕಾ. ನಾಲ್ಕು ಗ್ರ್ಯಾಂಡ್ ಸ್ಲಾಮ್ ಗೆದ್ದವಳು ಈ ಊರಿನ ಕ್ಲಬ್ಬಿನಲ್ಲಿ ವಾರವಿಡೀ ಆಡಿ, ಫೈನಲ್‌ನಲ್ಲಿ ಕಾಯಾ ಯುವಾನ್‌ಳನ್ನು ಸೋಲಿಸಿದಳು. ಮಣ್ಣಿನ ಅಂಕಣದಲ್ಲಿ ಅವಳ ಮೊದಲ ಪ್ರಶಸ್ತಿ ಅದು, ತಾಯಿಯಾದ ಮೇಲಿನ ಮೊದಲ ಪ್ರಶಸ್ತಿಯೂ ಹೌದು. ಅದರ ಹಿಂದಿನ ವರ್ಷ ಗೆದ್ದವಳು ಫ್ರಾನ್ಸಿನ ಲೋಯಿಸ್ ಬ್ವಾಸೋಂ. ಗೆದ್ದ ಬೆನ್ನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದು ತಿಂಗಳುಗಟ್ಟಲೆ ಆಟದಿಂದ ಹೊರಗುಳಿದಳು. 2025ರ ಫ್ರೆಂಚ್ ಓಪನ್‌ಗೆ ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ವಿಶೇಷ ಪ್ರವೇಶ) ಪಡೆದು ಬಂದಾಗ ಅವಳ ರ‍್ಯಾಂಕ್ 361. ಅಗ್ರ ಆಟಗಾರ್ತಿಯರಾದ ಜೆಸಿಕಾ ಪೆಗುಲಾಳನ್ನೂ ಮಿರಾ ಆಂಡ್ರೀವಾಳನ್ನೂ ಸೋಲಿಸಿ ಸೆಮಿಫೈನಲ್ ತಲುಪಿದಳು. ಅವಳ ಹೆಸರು ಅಂದು ಜಗತ್ತಿಗೆ ಹೊಸದು, ಸ್ಯಾಂ ಮಾಲೋದ ಕಟ್ಟೆಯ ಮೇಲೆ ಕುಳಿತು ನೋಡಿದವರಿಗಲ್ಲ.

ಇನ್ನು ಎಲ್ಲಿ ಕೂರಬೇಕು ಎಂಬುದು. ಟಿವಿ ನಮಗೆ ಮೇಲಿನಿಂದ ನೋಡುವ ಅಭ್ಯಾಸ ಮಾಡಿಸಿದೆ. ಇಲ್ಲಿ ಆದಷ್ಟು ಕೆಳಗೆ, ಅಂಕಣದ ಹಿಂಬದಿಯ ಗೆರೆಯಾದ ಬೇಸ್‌ಲೈನಿನ ಮೂಲೆಯ ಹತ್ತಿರ ಜಾಗ ಹಿಡಿಯಿರಿ. ಆಗ ಮುಂದಕ್ಕೆ ಸುತ್ತುವಂತೆ ಹೊಡೆದ ಟಾಪ್‌ಸ್ಪಿನ್ ಚೆಂಡು ಮಣ್ಣು ಮುಟ್ಟಿ ಎಷ್ಟು ಎತ್ತರಕ್ಕೆ ನೆಗೆಯುತ್ತದೆ ಎಂಬುದು ಕಣ್ಣಳತೆಗೆ ಸಿಗುತ್ತದೆ. ಸೊಂಟದ ಎತ್ತರದಲ್ಲಿ ಹೊಡೆಯಬೇಕೆಂದುಕೊಂಡ ಆಟಗಾರ್ತಿ ಭುಜದ ಎತ್ತರದಲ್ಲಿ ಹೊಡೆಯಬೇಕಾಗಿ ಬಂದಾಗ ಅವಳ ಪಾದ ಹಿಂದೆ ಹಿಂದೆ ಸರಿಯುತ್ತದೆ. ಮೂರ್ನಾಲ್ಕು ಗೇಮ್ ಆದ ಮೇಲೆ ಇಬ್ಬರೂ ಬೇಸ್‌ಲೈನಿಂದ ಎಷ್ಟು ದೂರ ನಿಂತಿದ್ದಾರೆ ನೋಡಿ. ಮುಂದೆ ನಿಂತವಳ ಕೈ ಮೇಲಾಗಿದೆ ಎಂದೇ ತಿಳಿಯಿರಿ, ಸ್ಕೋರ್ ಏನೇ ಹೇಳಲಿ. ಹಿಂದೆ ಸರಿದವಳಿಗೆ ಎದುರಾಳಿ ನೆಟ್ಟಿನ ಬಳಿಯೇ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್ ಹಾಕುವ ಹೊತ್ತು ಹತ್ತಿರ ಬಂದಿರುತ್ತದೆ.

ಮೊದಲ ಅರ್ಧ ಗಂಟೆ ಚೆಂಡನ್ನು ಬಿಟ್ಟು ಒಬ್ಬಳ ಕಾಲುಗಳನ್ನಷ್ಟೇ ನೋಡಿ. ಕಷ್ಟ, ಆದರೂ ಮಾಡಿ. ಮಣ್ಣಿನಲ್ಲಿ ಬೆಳೆದವಳು ಜಾರುತ್ತಲೇ ಚೆಂಡಿನ ಬಳಿ ಬಂದು, ಜಾರುವುದು ನಿಲ್ಲುವ ಹೊತ್ತಿಗೆ ಹೊಡೆದು, ಅದೇ ಕಾಲನ್ನು ಒತ್ತಿ ಅಂಕಣದ ನಡುವೆ ಮರಳುತ್ತಾಳೆ. ಸಿಮೆಂಟ್ ಅಂಕಣದಲ್ಲಿ ಬೆಳೆದವಳು ಎಷ್ಟೋ ಸಲ ಹೊಡೆದ ಮೇಲೆ ಜಾರುತ್ತಾಳೆ. ಮರಳಲು ಒಂದೆರಡು ಹೆಜ್ಜೆ ಹೆಚ್ಚು ಬೇಕು, ಅಷ್ಟರಲ್ಲಿ ಮುಂದಿನ ಚೆಂಡು ಬಂದಿರುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಮಣ್ಣಿನ ಟೆನಿಸ್ಸಿನ ಅರ್ಧ ಗುಟ್ಟು ನಿಮ್ಮದು.

ಚೆಂಡು ಗೆರೆಯ ಬಳಿ ಬಿದ್ದು ವಾದ ಎದ್ದರೆ ಎದ್ದು ನಿಂತು ನೋಡಿ. ಲೈನ್ ಅಂಪೈರ್‌ಗಳಿರುವ ಪಂದ್ಯದಲ್ಲಿ ಕುರ್ಚಿಯ ಅಂಪೈರ್ ಇಳಿದು ಬಂದು ಗುರುತನ್ನು ಪರೀಕ್ಷಿಸುತ್ತಾರೆ. ಚೆಂಡಿನ ಗುರುತು ಉದ್ದನೆಯ ಮೊಟ್ಟೆಯಂತಿರುತ್ತದೆ. ಅದಕ್ಕೂ ಗೆರೆಗೂ ನಡುವೆ ಮಣ್ಣು ಕಂಡರೆ ಔಟ್. ಗೆರೆ ಪ್ಲಾಸ್ಟಿಕ್ ಪಟ್ಟಿಯಾದ್ದರಿಂದ ಅದರ ಮೇಲೆ ಬಿದ್ದ ಭಾಗ ಸರಿಯಾಗಿ ಮೂಡುವುದಿಲ್ಲ. ಉಳಿದರ್ಧದ ಆಕಾರದಿಂದ ಇಡೀ ಗುರುತನ್ನು ಊಹಿಸಬೇಕು. ಅಂಪೈರ್ ಬೆರಳು ಎತ್ತ ಸುತ್ತುತ್ತದೆ ನೋಡಿದರೆ ತೀರ್ಪಿನ ಕಾರಣ ತಿಳಿಯುತ್ತದೆ. ಆಟಗಾರ್ತಿ ನೆಟ್ ದಾಟಿ ಎದುರಾಳಿಯ ಕಡೆಯ ಗುರುತು ನೋಡಲು ಹೋಗುವಂತಿಲ್ಲ, ಹೋದರೆ ನಿಯಮಭಂಗ.

ಸೆಟ್ ಮುಗಿದ ತಕ್ಷಣ ಕಾಫಿಗೆ ಓಡಬೇಡಿ. ಸಿಬ್ಬಂದಿ ಬಲೆ ಎಳೆದು ಇಟ್ಟಿಗೆ ಪುಡಿಯನ್ನು ಸಮ ಮಾಡುವುದನ್ನು ನೋಡಿ: ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತಾ ಬಂದು, ಕೊನೆಗೆ ಬ್ರಷ್‌ನಿಂದ ಗೆರೆ ಗುಡಿಸುತ್ತಾರೆ. ಮೇಲಿನ ಆ ಕೆಂಪು ಪದರ ಕೆಲವೇ ಮಿಲಿಮೀಟರ್ ದಪ್ಪ, ಕೆಳಗೆ ಸುಣ್ಣಕಲ್ಲಿನ ಪುಡಿ, ಅದರಡಿ ಜಲ್ಲಿ. ಒಣಗಿದರೆ ಪುಡಿ ಗಾಳಿಗೆ ಹಾರಿ ನೆಲ ಗಟ್ಟಿಯಾಗಿ ಚೆಂಡಿನ ವೇಗ ಹೆಚ್ಚುತ್ತದೆ, ಅದಕ್ಕೇ ನೀರು ಹಾಕುವುದು. ಶಿವಮೊಗ್ಗದಲ್ಲಿ ನಾನು ಆಟ ಕಲಿತದ್ದೂ ಮಣ್ಣಿನ ಮೇಲೆಯೇ, ಆದರೆ ಅದು ಬಿಸಿಲಿಗೆ ಕಲ್ಲಾಗುವ ಮಣ್ಣು. ಜಾರುವ ಮಾತೇ ಇರಲಿಲ್ಲ. ಒದ್ದೆ ಇಟ್ಟಿಗೆ ಪುಡಿಯ ಮೇಲಿನ ಆಟ ಬೇರೆಯೇ ವಿದ್ಯೆ.

ಬಟ್ಟೆಯ ವಿಷಯ: ಮೇ ಎಂದು ಹೇಳಿ ತೆಳು ಅಂಗಿಯಲ್ಲಿ ಬರಬೇಡಿ. ಕಡಲಗಾಳಿ ಚುಚ್ಚುತ್ತದೆ, ಯಾವ ಹೊತ್ತಿಗೆ ಬೇಕಾದರೂ ಮಳೆ ಹನಿಯುತ್ತದೆ. ಜಾಕೆಟ್ ಬೇಕೇ ಬೇಕು. ಸಣ್ಣ ತುಂತುರಿಗೆ ಆಟ ನಿಲ್ಲಿಸುವುದಿಲ್ಲ, ಹಾಗಾಗಿ ನೀವೂ ಏಳಬೇಡಿ. ಚೆಂಡು ತೇವ ಹೀರಿ ಭಾರವಾಗುತ್ತದೆ, ರ‍್ಯಾಲಿಗಳು ಉದ್ದವಾಗುತ್ತವೆ, ಬರೀ ಜೋರಾಗಿ ಹೊಡೆಯುವವಳ ಆಟ ಕುಂದುತ್ತದೆ. ಸೆಟ್ಟಿನಲ್ಲಿ 4-1 ಆಯಿತೆಂದು ಹೊರಡಲೂ ಬೇಡಿ. ಮಣ್ಣಿನಲ್ಲಿ ಸರ್ವ್ ಮುರಿಯುವುದು, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮ್ ಗೆಲ್ಲುವುದು, ಸುಲಭ, ಆ ಅಂತರ ಹತ್ತು ನಿಮಿಷದಲ್ಲಿ ಕರಗಬಲ್ಲದು.

ಮಳೆ ಜೋರಾದರೆ ಕೋಟೆಯೊಳಗಿನ ಹಳೆ ಊರಿಗೆ ಹೋಗಿ ಗೋಡೆಯ ಮೇಲೆ ಒಂದು ಸುತ್ತು ನಡೆದು ಬನ್ನಿ. ಸಂಜೆಗೆ ಡಬಲ್ಸ್ ಇದ್ದರೆ ಬಿಡಬೇಡಿ. ಮೂರನೇ ಸೆಟ್ಟಿನ ಬದಲು ಹತ್ತು ಅಂಕದ ಟೈಬ್ರೇಕ್ ಆಡಿಸುವುದರಿಂದ ಅದು ಬೇಗ ಮುಗಿಯುತ್ತದೆ, ಹೆಚ್ಚಿನವರು ಅಷ್ಟರಲ್ಲಿ ಮನೆಗೆ ಹೋಗಿರುವುದರಿಂದ ಬೇಲಿಯ ಪಕ್ಕದಲ್ಲೇ ನಿಲ್ಲಬಹುದು, ಜೊತೆಗಾರ್ತಿಯರು ಪಾಯಿಂಟಿನ ನಡುವೆ ಏನು ಯೋಜಿಸುತ್ತಿದ್ದಾರೆ ಎಂಬುದು ಕಿವಿಗೇ ಬೀಳುತ್ತದೆ. ರೆನ್‌ಗೆ ಹೋಗುವ ಕೊನೆಯ ರೈಲಿನ ಸಮಯವನ್ನು ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಂಡಿರಿ.