ಮೆಟ್ಟಿಲು ಅಳೆದು ಕಟ್ಟಡದ ಚರಿತ್ರೆ ಹಿಡಿದದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಆರ್ಕಿಟೆಕ್ಚರ್ ಕೋರ್ಸಿನ ನನ್ನ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಪಾಸಾಯಿತು. ನಮ್ಮ ಬ್ಯಾಚಿನಲ್ಲಿ ಹಿಸ್ಟರಿ ತೆಗೆದುಕೊಂಡವರು ಆರು ಜನ. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ಬಂದದ್ದು ನನಗೆ. ಒಂದೂವರೆ ವರ್ಷದ ಹಿಂದೆ "ಮೆಟ್ಟಿಲು ಅಳೆದು ಇತಿಹಾಸ ಬರೀತಾಳಂತೆ" ಎಂದು ಸ್ಟುಡಿಯೋದಲ್ಲಿ ನಕ್ಕವರು ಈಗ ಫೋನ್ ಮಾಡಿ "ಯಾವ ಟೇಪ್ ತಗೊಂಡಿದ್ದೆ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ. ಮೆಷರ್ಡ್ ಡ್ರಾಯಿಂಗ್, ಅಂದರೆ ಇರುವ ಕಟ್ಟಡವನ್ನು ಅಳೆದು ನಕ್ಷೆ ಬರೆಯುವುದು, ಹೇಗೆ ಎಂಬ ಪಾಠ ಇದರಲ್ಲಿಲ್ಲ, ಅದು ನಿಮಗೆಲ್ಲ ಗೊತ್ತಿದ್ದದ್ದೇ.

ಮುಂಬಯಿಯಲ್ಲಿ ವಾಸ್ತುಶಿಲ್ಪದ ಇತಿಹಾಸ ಓದುವವರು ಮೊದಲು ಹೋಗಿ ನಿಲ್ಲುವುದು ಓವಲ್ ಮೈದಾನದಲ್ಲಿ. ನಾನೂ ಅಲ್ಲೇ ನಿಂತೆ. ಪೂರ್ವಕ್ಕೆ ನೋಡಿದರೆ ರಾಜಾಬಾಯಿ ಗೋಪುರ, ಹೈಕೋರ್ಟ್. ಎರಡೂ 1878ರಲ್ಲಿ ಮುಗಿದವು. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೋ ಶೈಲಿಯ ಕಟ್ಟಡಗಳ ಸಾಲು. ನನ್ನ ಮನಸ್ಸು ಗೋಪುರದ ಮೇಲಿತ್ತು. ಅದರ ವಿನ್ಯಾಸ ಮಾಡಿದ ಇಂಗ್ಲೆಂಡಿನ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಒಮ್ಮೆಯೂ ಮುಂಬಯಿಗೆ ಬಂದವರಲ್ಲ. ನಕ್ಷೆ ಅಲ್ಲಿಂದ ಬಂತು, ಕಲ್ಲು ಕೆತ್ತಿದ್ದು ಇಲ್ಲಿ. ಆ ನಡುವೆ ಏನೇನು ಬದಲಾಯಿತು ಎಂದು ಅಳೆದು ನೋಡುವ ಆಸೆ. ಒಳಗೆ ಹೋಗಿ ಅಳೆಯಲು ಅನುಮತಿ ಬೇಕು. ನಾಲ್ಕು ಪತ್ರ ಬರೆದೆ, ಖುದ್ದಾಗಿ ಏಳೆಂಟು ಸಲ ಹೋದೆ. ಐದು ತಿಂಗಳು ಕಳೆದರೂ ಒಂದು ಸಾಲಿನ ಉತ್ತರ ಬರಲಿಲ್ಲ. ಓಡಾಟ, ಝೆರಾಕ್ಸ್, ಹಳೆಯ ನಕ್ಷೆಗಳ ಸ್ಕ್ಯಾನ್ ಎಂದು ಆರೇಳು ಸಾವಿರ ಕೈಬಿಟ್ಟಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ವಿಷಯ ಆರಿಸುವಾಗ ಬಾಗಿಲು ತೆರೆದಿದೆಯಾ ಎಂದು ಮೊದಲು ನೋಡಿ. ನಾನು ನೋಡಲಿಲ್ಲ.

ಬಾಗಿಲು ತೆರೆದದ್ದು ಮಾಟುಂಗಾದಲ್ಲಿ. ನಾನಿರುವುದು ಡೊಂಬಿವಲಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಹುಡುಗನಾಗಿದ್ದಾಗ ಕುಂದಾಪುರದಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಒಂದು ಭಾನುವಾರ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ಮುಗಿಸಿಕೊಂಡು, ಹತ್ತಿರದಲ್ಲೇ ಇದ್ದ ಗೆಳೆಯರ ಮನೆಗೆ ಕರೆದುಕೊಂಡು ಹೋದರು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ನೆಲ ಎಲ್ಲ ಮೊಸಾಯಿಕ್, ಕೈಯಿಡುವಲ್ಲಿ ನುಣುಪಾದ ಬರ್ಮಾ ತೇಗ, ಅದರ ಕೆಳಗೆ ಕಬ್ಬಿಣದ ಜಾಲರಿ. ಹತ್ತುತ್ತಾ ಜಾಲರಿಯ ಮೇಲೆ ಬೆರಳಾಡಿಸುತ್ತಿದ್ದೆ. ಮೂರನೇ ಮಹಡಿಯವರೆಗೆ ಪಟ್ಟಿ ಸೇರುವಲ್ಲೆಲ್ಲ ಗುಂಡುಗುಂಡಾದ ರಿವೆಟ್ ಸಿಗುತ್ತಿತ್ತು. ಅಲ್ಲಿಂದ ಮೇಲೆ ರಿವೆಟ್ ಇಲ್ಲ, ವೆಲ್ಡಿಂಗಿನ ಗಂಟು. ಡಿಸೈನ್ ಮಾತ್ರ ತದ್ರೂಪ.

ಜಾಲರಿ ಜೋಡಿಸಿದ ರೀತಿಯೇ ಬೇರೆ ಎಂದಮೇಲೆ ನಾಲ್ಕನೇ ಮಹಡಿಯನ್ನು ಆಮೇಲೆ ಕಟ್ಟಿದ್ದಾರೆ ಎಂದು ನನಗೆ ಅಲ್ಲೇ ಅನಿಸಿತು. ಮರುದಿನ ಗೈಡ್ ಸರ್ ಹತ್ತಿರ ಹೇಳಿದೆ. "ಜಾಲರಿ ಮಾತ್ರ ರಿಪೇರಿ ಮಾಡಿರಬಹುದು. ಅದು ಸಾಕ್ಷಿ ಅಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ಹಾಗಾದರೆ ಸಾಕ್ಷಿ ಎಲ್ಲಿದೆ? ಫ್ಲ್ಯಾಟಿನೊಳಗೆ ಯಾರೂ ಬಿಡುವುದಿಲ್ಲ, ಮಂಜೂರಾದ ನಕ್ಷೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಯಾರ ಮನೆ ಕದ ತಟ್ಟದೆ ಅಳೆಯಬಹುದಾದ್ದು ಮೆಟ್ಟಿಲು ಒಂದೇ. ವಾಚ್‌ಮನ್‌ಗೆ ಒಂದು ಚಹಾ, ಸೊಸೈಟಿ ಸೆಕ್ರೆಟರಿಗೆ ಕಾಲೇಜಿನ ಒಂದು ಪತ್ರ, ಅಷ್ಟೇ. ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 94 ಕಟ್ಟಡಗಳೆಲ್ಲ ಓವಲ್, ಮರೀನ್ ಡ್ರೈವ್ ಕಡೆಯವು. ಮಾಟುಂಗಾದ್ದು ಅದರಲ್ಲಿ ಇಲ್ಲ. ಹಾಗಾಗಿ "ಇದರಲ್ಲಿ ಇತಿಹಾಸ ಏನಿದೆ?" ಎಂದು ಕೇಳಿದವರೂ ಇದ್ದರು. 1896ರ ಪ್ಲೇಗಿನ ನಂತರ ನಗರ ಸುಧಾರಣೆಗೆಂದು ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕು ಲೆಕ್ಕ ಹಾಕಿ ರೂಪಿಸಿದ ಬಡಾವಣೆ ಅದು. ಅದಕ್ಕಿಂತ ದೊಡ್ಡ ಪಾಠ ಬೇಕಾ?

ಈಗ ಅಳತೆಯ ವಿಷಯ. ಇಲ್ಲಿ ನಾನು ಸರಿಯಾಗಿ ಪೆಟ್ಟು ತಿಂದೆ.

ಮೊದಲು ಲೇಸರ್ ಮೀಟರ್ ಬಾಡಿಗೆಗೆ ತಂದೆ, ದಿನಕ್ಕೆ ಸುಮಾರು 400 ರೂಪಾಯಿ, ಮೂರು ದಿನ. ಮೆಟ್ಟಿಲ ನಡುವಿನ ಖಾಲಿ ಜಾಗದಲ್ಲಿ ಕೆಳಗಿನಿಂದ ಬಿಟ್ಟರೆ ಮೇಲಿನ ಲ್ಯಾಂಡಿಂಗಿನ ಮಟ್ಟದಲ್ಲಿ ಚುಕ್ಕಿ ಬೀಳಲು ಏನೂ ಇಲ್ಲ. ಗೆಳತಿ ಮೇಲೆ ಹಲಗೆ ಹಿಡಿದು ನಿಂತಳು. ಹಲಗೆ ಸ್ವಲ್ಪ ವಾಲಿದರೆ ಸೆಂಟಿಮೀಟರ್ ಹೋಯಿತು. ಆಮೇಲೆ 30 ಮೀಟರಿನ ಫೈಬರ್ ಟೇಪ್. ಅದು ಎಳೆದಷ್ಟು ಹಿಗ್ಗುತ್ತದೆ. ಒಂದೇ ಫ್ಲೈಟನ್ನು (ಮೆಟ್ಟಿಲ ಸಾಲನ್ನು) ಬೆಳಿಗ್ಗೆ ಅಳೆದಾಗ ಒಂದು, ಸಂಜೆ ಅಳೆದಾಗ ಇನ್ನೊಂದು.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಒಂದೊಂದೇ ರೈಸರ್, ಅಂದರೆ ಒಂದು ಮೆಟ್ಟಿಲಿನ ಎತ್ತರ, ಅಳೆದು ಕೂಡಿಸುತ್ತಾ ಹೋದೆ. 151, 154, 149, 156 ಮಿಲಿಮೀಟರ್, ಹೀಗೆ. ಎಂಟು ಕಟ್ಟಡ, ಎರಡು ತಿಂಗಳು, ಒಂದು ಇಡೀ ಫೀಲ್ಡ್ ಬುಕ್. ಅದರಿಂದ ಏನೂ ಹೊರಡಲಿಲ್ಲ. ಮೊಸಾಯಿಕ್ ಹಾಕಿದವನ ಕೈ ಎರಡು ಮೂರು ಮಿಲಿಮೀಟರ್ ಆಚೆ ಈಚೆ ಆಗುವುದು ಸಹಜ. ಮೇಲೆ ಎಂಬತ್ತು ವರ್ಷ ಜನ ತುಳಿದು, ಮಧ್ಯದಲ್ಲಿ ಸವೆದಿರುತ್ತದೆ. ಆ ಪುಸ್ತಕವನ್ನು ಪೂರ್ತಿ ಬದಿಗಿಟ್ಟೆ.

ಪರಿಹಾರ ಸಿಕ್ಕಿದ್ದು ಊರಿಗೆ ಹೋಗಿದ್ದಾಗ. ನಮ್ಮ ಮನೆಯ ಹಳೇ ಮೇಸ್ತ್ರಿ ನನ್ನ ಅಂಕಿಗಳನ್ನು ನೋಡಿ "ಇದೆಂತ ಲೆಕ್ಕ ಮಾರಾಯ್ತಿ, ಇಂಚಲ್ಲಿ ಹೇಳು" ಎಂದರು. ಅಲ್ವಾ! 1930ರ ದಶಕದಲ್ಲಿ ಮುಂಬಯಿಯಲ್ಲಿ ಕಟ್ಟಿದವರು ಅಡಿ, ಇಂಚಿನಲ್ಲಿ ಕಟ್ಟಿದರು. ನಾನು ಮಿಲಿಮೀಟರಿನಲ್ಲಿ ಹುಡುಕುತ್ತಿದ್ದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ, ಬಳಕೆ ಗಟ್ಟಿಯಾದದ್ದು 1960ರ ದಶಕದಲ್ಲಿ. ಆರು ಇಂಚು ಎಂದರೆ 152.4 ಮಿಲಿಮೀಟರ್. ಮೆಟ್ರಿಕ್ ನಕ್ಷೆ ಬರೆಯುವವನು ಅದೇ ಮೆಟ್ಟಿಲಿಗೆ 150 ಎಂದು ಬರೆಯುತ್ತಾನೆ. ವ್ಯತ್ಯಾಸ 2.4 ಮಿಲಿಮೀಟರ್. ಒಂದು ಮೆಟ್ಟಿಲಿನಲ್ಲಿ ಅದು ಕಾಣುವುದೇ ಇಲ್ಲ. 22 ಮೆಟ್ಟಿಲಾದರೆ 53 ಮಿಲಿಮೀಟರ್, ಎರಡು ಇಂಚಿಗಿಂತ ಜಾಸ್ತಿ. ಅದನ್ನು ಯಾವ ಸವೆತವೂ ಮುಚ್ಚಲಾರದು.

ಮುಂಬಯಿಗೆ ವಾಪಸು ಬಂದವಳೇ ಒಂದು ಕಡೆ ಇಂಚು, ಒಂದು ಕಡೆ ಮಿಲಿಮೀಟರ್ ಇರುವ ಸ್ಟೀಲ್ ಟೇಪ್ ಕೊಂಡೆ. 350 ರೂಪಾಯಿ ಇರಬೇಕು. ಅದರ ತುದಿಗೆ ತೂಗುಗುಂಡು ಕಟ್ಟಿ, ಮೆಟ್ಟಿಲ ನಡುವಿನ ಖಾಲಿ ಜಾಗದಲ್ಲಿ ಇಳಿಬಿಟ್ಟೆ. ಲ್ಯಾಂಡಿಂಗಿನ ನೆಲದಿಂದ ಟೇಪಿಗೆ ಒಂದು ನೇರ ಪಟ್ಟಿ, ಅದರ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್). ಪಟ್ಟಿ ಇಡುವುದು ಗೋಡೆ ಕಡೆಯ ನೆಲದ ಮಟ್ಟಕ್ಕೆ, ಜನ ತುಳಿಯದ ಜಾಗ. ಮಹಡಿಯಿಂದ ಮಹಡಿಗೆ ಒಂದೇ ಅಳತೆ, ಮೂರು ಸಲ. ಆ ಎತ್ತರವನ್ನು ಮೆಟ್ಟಿಲ ಸಂಖ್ಯೆಯಿಂದ ಭಾಗಿಸುವುದು. ಇಷ್ಟೇ ವಿಧಾನ. ಸವೆದ ನೆಲದ ಮೂಲ ಮಟ್ಟ ಕಂಡುಹಿಡಿಯಲು ಒಂದು ಉಪಾಯ ಇದೆ. ಅದು ಕೈಗೂಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಪೇಪರ್ ಅಚ್ಚಾಗುವವರೆಗೆ ಅದನ್ನು ಬರೆಯುವುದಿಲ್ಲ, ಬೇಜಾರಾಗಬೇಡಿ.

ಅದೇ ಕಟ್ಟಡಕ್ಕೆ ಹೋದೆ. ಬೆಳಿಗ್ಗೆ ಏಳಕ್ಕೆ, ಹಾಲಿನವನು ಹೋದ ಮೇಲೆ, ಆಫೀಸಿನವರು ಇಳಿಯುವ ಮೊದಲು. ನೆಲಮಹಡಿಯಿಂದ ಒಂದಕ್ಕೆ 22 ಮೆಟ್ಟಿಲು, 3354 ಮಿಲಿಮೀಟರ್. ಒಂದರಿಂದ ಎರಡಕ್ಕೆ 22, 3351. ಎರಡರಿಂದ ಮೂರಕ್ಕೆ 22, 3353. ಕಟ್ಟುನಿಟ್ಟಾಗಿ ಹನ್ನೊಂದು ಅಡಿ. ಮೂರರಿಂದ ನಾಲ್ಕಕ್ಕೂ 22. ಗುಂಡು ನಿಲ್ಲುವವರೆಗೆ ಉಸಿರು ಹಿಡಿದು ಕಾದೆ. 3301. ಇನ್ನೊಮ್ಮೆ ಬಿಟ್ಟೆ, 3300. ಇನ್ನೊಮ್ಮೆ, 3301. ಅಂದರೆ ಒಂದೊಂದು ಮೆಟ್ಟಿಲಿಗೆ 150, ಮೆಟ್ರಿಕ್ ಲೆಕ್ಕ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಗಲೇ ಮೂರನೇ ಮಹಡಿಯ ಅಜ್ಜಿ ಬಾಗಿಲು ತೆರೆದರು. ಚಿಕ್ಕಪ್ಪನ ಪರಿಚಯ ಹೇಳಿದೆ. "ಎಂತ ಮಾರಾಯ್ತಿ, ದಿನಾ ಮೆಟ್ಲು ಎಣಿಸ್ತೆ? ಒಳಗೆ ಬಾ, ಕಾಪಿ ಕುಡಿ" ಎಂದರು. ನಾನು ಏನೂ ಬಾಯಿಬಿಡದೆ, ಮೇಲಿನ ಮಹಡಿ ಮೊದಲಿಂದ ಇತ್ತಾ ಅಜ್ಜಿ ಎಂದು ಮಾತ್ರ ಕೇಳಿದೆ. "ಎಲ್ಲಿತ್ತು! ನಾನು ಮದ್ವೆಯಾಗಿ ಬಂದಾಗ ಇದರ ಮೇಲೆ ಬಯಲು. ಹಪ್ಪಳ ಒಣಗಿಸ್ತಿದ್ದದ್ದು ಅಲ್ಲೇ." ಅವರು ಬಂದದ್ದು 1964ರಲ್ಲಿ. ಐದಾರು ವರ್ಷದ ಮೇಲೆ ಮಾಲೀಕರು ಇನ್ನೊಂದು ಮಹಡಿ ಎಬ್ಬಿಸಿ ಹೊಸ ಬಾಡಿಗೆದಾರರಿಂದ ಪಗಡಿ (ಮುಂಗಡವಾಗಿ ಕೊಡುವ ದೊಡ್ಡ ಮೊತ್ತ) ತೆಗೆದುಕೊಂಡರಂತೆ. ಮರಳು, ಸಿಮೆಂಟು ಗೋಣಿಚೀಲದಲ್ಲಿ ಇದೇ ಮೆಟ್ಟಿಲ ಮೇಲೆ ಹೋಯಿತಂತೆ, ವಾರಗಟ್ಟಲೆ ಮನೆಯೊಳಗೆಲ್ಲ ಧೂಳು. ಕಪಾಟಿನಿಂದ ಒಂದು ಫೋಟೋ ತೆಗೆದು ತೋರಿಸಿದರು. ಅಜ್ಜಿ ಮೊದಲ ಮಗುವನ್ನು ಎತ್ತಿಕೊಂಡು ತಾರಸಿಯಲ್ಲಿ ನಿಂತಿದ್ದಾರೆ. ಹಿಂದೆ ಕಾಣುವ ಪಕ್ಕದ ಕಟ್ಟಡದ ಕಿಟಕಿಯ ಸಾಲಿನಿಂದ ಎತ್ತರ ಲೆಕ್ಕ ಹಾಕಿದೆ. ಅದು ಈಗಿನ ನಾಲ್ಕನೇ ಮಹಡಿಯ ನೆಲವೇ.

ಈ ಕಟ್ಟಡಗಳಲ್ಲಿ ಇಷ್ಟೊಂದು ಹಳೆಯದು ಉಳಿದಿರುವುದೇಕೆ ಎಂದು ಹಲವರು ಕೇಳುತ್ತಾರೆ. ಬಾಡಿಗೆ ಕಾಯಿದೆ ಒಂದು ದೊಡ್ಡ ಕಾರಣ. 1947ರ ಮುಂಬಯಿ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಮಾಲೀಕನಿಗೆ ದುಡ್ಡು ಬರಲಿಲ್ಲ, ಅವನು ಖರ್ಚೂ ಮಾಡಲಿಲ್ಲ. ಗೋಡೆ ಸೋರಿತು, ನಿಜ. ಆದರೆ ಮೊಸಾಯಿಕ್ ಕಿತ್ತು ಗ್ರಾನೈಟ್ ಹಾಕುವವರೂ ಇರಲಿಲ್ಲ. ಮರೀನ್ ಡ್ರೈವಿನಲ್ಲೂ ಇದೇ ಕಥೆ. ಈಗ ರೀಡೆವಲಪ್‌ಮೆಂಟ್, ಅಂದರೆ ಹಳೆಯದನ್ನು ಕೆಡವಿ ಹೊಸದು ಕಟ್ಟುವುದು, ಬಂದು ಎಲ್ಲ ಒಟ್ಟಿಗೇ ಹೋಗುತ್ತಿದೆ. ನಾನು ಅಳೆದ ಒಂದು ಕಟ್ಟಡ ಅಳೆದು ಮೂರು ತಿಂಗಳಿಗೆ ನೆಲಸಮವಾಯಿತು. ಆ ಮೆಟ್ಟಿಲಿನ ಅಳತೆ ಈಗ ಇರುವುದು ನನ್ನ ಫೀಲ್ಡ್ ಬುಕ್ಕಿನಲ್ಲಿ ಮಾತ್ರ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೆಂಕಿಪೊಟ್ಟಣದಷ್ಟು ಚೌಕಟ್ಟು ಇಟ್ಟು ಮೊಸಾಯಿಕ್‌ನ ಕಲ್ಲಿನ ಚೂರು ಎಣಿಸಿದೆ, ಅದರಿಂದ ಕಾಲ ತಿಳಿಯಬಹುದೇನೋ ಎಂದು. ಒಂದು ತಿಂಗಳು ಕಣ್ಣು ಕೆಟ್ಟದ್ದೇ ಬಂತು, ಒಂದೇ ಲ್ಯಾಂಡಿಂಗಿನ ಎರಡು ಮೂಲೆಯಲ್ಲೇ ಲೆಕ್ಕ ಬೇರೆ. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ದಪ್ಪ ಸೋಲ್ಡರ್ ತಂತಿಯನ್ನು ತೇಗದ ಹ್ಯಾಂಡ್‌ರೇಲಿನ ಮೇಲೆ ಒತ್ತಿ, ಆಕಾರ ಕೆಡದಂತೆ ತೆಗೆದು ಕಾಗದದ ಮೇಲೆ ಗೆರೆ ಎಳೆಯುವುದು. ಸುಮಾರು 30 ಹ್ಯಾಂಡ್‌ರೇಲ್ ಹೀಗೆ ತೆಗೆದೆ. ಬೇರೆಬೇರೆ ರಸ್ತೆಯ ಐದು ಕಟ್ಟಡಗಳ ಗೆರೆ ಒಂದರ ಮೇಲೊಂದು ಕೂರುತ್ತದೆ. ಒಂದೇ ಬಡಗಿಯ ಉಳಿ ಇರಬೇಕು. ಅದು ನನ್ನ ಮುಂದಿನ ಕೆಲಸ. ಕಾನ್ಹೇರಿ ಗುಹೆಗಳಿಗೂ ಟೇಪ್ ಹಿಡಿದು ಹೋಗಿದ್ದೆ. ಬಂಡೆಯಲ್ಲಿ ಕಡಿದ ಮೆಟ್ಟಿಲು ಇಳಿಜಾರು ಹೇಳಿದಂತೆ ಕೇಳುತ್ತದೆ, ಒಂದರಂತೆ ಇನ್ನೊಂದಿಲ್ಲ. ನನ್ನ ವಿಧಾನ ಅಲ್ಲಿ ನಡೆಯುವುದಿಲ್ಲ. ಆದರೂ ಒಂದು ಮಳೆಗಾಲದ ಬೆಳಿಗ್ಗೆ ಆ ಕಪ್ಪು ಬಂಡೆಯ ಮೇಲೆ ನೀರು ಹರಿಯುವುದನ್ನು ನೋಡಿದ್ದಕ್ಕೆ ಖುಷಿ ಇದೆ.

ವಿಧಾನಕ್ಕೆ ಮಿತಿ ಇದೆ. ನಮ್ಮ ಮೇಸ್ತ್ರಿಗಳು ಇವತ್ತಿಗೂ ಅಡಿಯಲ್ಲೇ ಮಾತಾಡುತ್ತಾರೆ. ಹಾಗಾಗಿ ಆರು ಇಂಚು ಸಿಕ್ಕಿದ ಮಾತ್ರಕ್ಕೆ ಹಳೆಯದು ಎನ್ನಬೇಡಿ. 150 ಸಿಕ್ಕರೆ ಹೊಸದು ಎನ್ನುವ ಕಡೆ ಮಾತ್ರ ಇದು ಗಟ್ಟಿ. ಅದರ ಜೊತೆಗೆ ಇನ್ನೊಂದು ಸಾಕ್ಷಿ ಬೇಕೇಬೇಕು, ರಿವೆಟ್ಟೋ ಫೋಟೋವೋ ಅಜ್ಜಿಯೋ. ಒಟ್ಟು 12 ಕಟ್ಟಡ ಅಳೆದೆ. ನಾಲ್ಕರಲ್ಲಿ ಮೇಲಿನ ಮಹಡಿಯ ಲೆಕ್ಕ ಬೇರೆ ಬಂತು. ಮೂರಕ್ಕೆ ಬೇರೆ ಸಾಕ್ಷಿಯೂ ಸಿಕ್ಕಿತು. ಖರ್ಚು ಎಲ್ಲ ಸೇರಿ 19–20 ಸಾವಿರ, ಅದರಲ್ಲಿ ಅರ್ಧ ತಪ್ಪು ದಾರಿಗಳಿಗೆ, ಕಾಲು ಭಾಗ ಎ1 ಪ್ರಿಂಟುಗಳಿಗೆ. ವಿಧಾನಕ್ಕೆ ನಿಜವಾಗಿ ಬೇಕಾದ ಸಾಮಾನು ಸಾವಿರ ರೂಪಾಯಿಯೊಳಗೆ ಬರುತ್ತದೆ.

ಜೂರಿ ದಿನ, ಅಂದರೆ ಡಿಸರ್ಟೇಶನ್ ಪರೀಕ್ಷೆಯ ದಿನ, ಹೊರಗಿನ ಪರೀಕ್ಷಕರು ಹತ್ತು ನಿಮಿಷ ಶೀಟ್ ನೋಡಿದರು. ಆಮೇಲೆ "ಟೇಪ್ ಇದೆಯಾ?" ಎಂದರು. ಬ್ಯಾಗಿನಲ್ಲೇ ಇತ್ತು. ನಮ್ಮ ಕಾಲೇಜಿನ ಮೆಟ್ಟಿಲಿಗೇ ಕರೆದುಕೊಂಡು ಹೋಗಿ, ಎಲ್ಲರೆದುರು ಇಳಿಬಿಡಿಸಿದರು. ಮೂರನೇ ಮಹಡಿಯಲ್ಲಿ ಲೆಕ್ಕ ಮುರಿಯಿತು. ಆ ಭಾಗ ಆಮೇಲೆ ಸೇರಿಸಿದ್ದು ಎಂದು ಅಲ್ಲಿದ್ದ ಹಳೆಯ ಪ್ಯೂನ್ ತಾನಾಗಿಯೇ ಹೇಳಿದ. ಗೈಡ್ ಸರ್ ನನ್ನ ಬೆನ್ನು ತಟ್ಟಿದರು.

ಈಗ 13ನೇ ಕಟ್ಟಡ ನಡೆಯುತ್ತಿದೆ, ಫೈವ್ ಗಾರ್ಡನ್ಸ್ ಹತ್ತಿರ. ಅಲ್ಲಿ ಲೆಕ್ಕ ತಪ್ಪುವುದು ಮೇಲಿನ ಮಹಡಿಯಲ್ಲಲ್ಲ, ನಡುವಿನ ಎರಡನೆಯದರಲ್ಲಿ. 22 ಮೆಟ್ಟಿಲು, 3300. ಅದರ ಕೆಳಗೂ ಮೇಲೂ 3353. ಬರುವ ಭಾನುವಾರ ಮತ್ತೆ ಗುಂಡು ಇಳಿಬಿಡುತ್ತೇನೆ.