ಯುರೋಪಿನಲ್ಲಿ ಒಂದು ಸೆಮಿಸ್ಟರ್: ಓದೂ ಆಗಬೇಕು, ಊರೂ ನೋಡಬೇಕು, ಹೇಗೆ?

ಯುರೋಪಿಗೆ ಒಂದು ಸೆಮಿಸ್ಟರ್ ಓದಲು ಹೊರಟವರ ಮೊಬೈಲ್ ತೆಗೆದು ನೋಡಿ. ಮ್ಯಾಪ್ ತುಂಬ ಗುರುತು ಹಾಕಿರುತ್ತಾರೆ: ಪ್ಯಾರಿಸ್, ರೋಮ್, ಪ್ರಾಗ್, ಬಾರ್ಸಿಲೋನಾ. ಕೋರ್ಸ್ ಪಟ್ಟಿಯನ್ನು ಮಾತ್ರ ಇನ್ನೂ ತೆರೆದೇ ಇರುವುದಿಲ್ಲ. ತಿರುಗುವ ಆಸೆ ತಪ್ಪೇನಲ್ಲ ಬಿಡಿ. ಆದರೆ ಹತ್ತು ದಿನಕ್ಕೆ ಆರು ದೇಶ ಸುತ್ತುವ ಪ್ರವಾಸಿಗೆ ಸಿಗದ ಒಂದು ಅನುಕೂಲ ವಿದ್ಯಾರ್ಥಿಗೆ ಸಿಗುತ್ತದೆ. ಅಲ್ಲಿ ಅವರಿಗೆ ಒಂದು ವಿಳಾಸ ಇರುತ್ತದೆ. ಆ ವಿಳಾಸದಿಂದಲೇ ಬಸ್ಸು, ರೈಲು ಅಗ್ಗವಾಗುತ್ತವೆ, ಕೆಲವು ಮ್ಯೂಸಿಯಂಗಳು ಪುಕ್ಕಟೆಯಾಗುತ್ತವೆ. ಹಾಗಾಗಿ ಮೊದಲು ಆ ಊರಿನವರಾಗಿ, ಆಮೇಲೆ ಊರೂರು ತಿರುಗಿ. ಇಲ್ಲಿ ಹೇಳಿರುವುದೆಲ್ಲ ಅದೇ ಕ್ರಮದಲ್ಲಿದೆ.

1. ಊರಿಗಿಂತ ಮೊದಲು ಕ್ಯಾಲೆಂಡರ್

ಯುರೋಪಿನ ಎಲ್ಲ ಕಡೆ ಸೆಮಿಸ್ಟರ್ ಒಂದೇ ಸಮಯಕ್ಕೆ ಶುರುವಾಗುವುದಿಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಂದರೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ, ಮುಗಿಯುವುದು ಫೆಬ್ರವರಿಯಲ್ಲಿ. ಸ್ವೀಡನ್‌ನಲ್ಲಿ ಆಗಸ್ಟ್ ಕೊನೆಗೇ ಶುರುವಾಗಿ ಜನವರಿ ಮಧ್ಯದವರೆಗೆ ನಡೆಯುತ್ತದೆ. ಐರ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಕ್ರಿಸ್‌ಮಸ್‌ಗೆ ಮುಂಚೆಯೇ ಪರೀಕ್ಷೆ ಮುಗಿದಿರುತ್ತದೆ. ನಿಮ್ಮ ಕಾಲೇಜಿನ ಮುಂದಿನ ಸೆಮಿಸ್ಟರ್ ಜನವರಿಯಲ್ಲಿ ಶುರುವಾಗುವುದಾದರೆ ಜರ್ಮನಿಯ ಚಳಿಗಾಲ ನಿಮಗೆ ಹೊಂದುವುದೇ ಇಲ್ಲ. ಊರಿನ ಮೇಲೆ ಮನಸ್ಸಿಟ್ಟ ಮೇಲೆ ಇದು ಗೊತ್ತಾದರೆ ಬೇಜಾರು, ಅಲ್ವಾ?

ತಿರುಗಾಟಕ್ಕೂ ಇದೇ ಲೆಕ್ಕ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದಾಚೆ ಬೇಗ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ 3ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ವಸಂತದ ಸೆಮಿಸ್ಟರ್ ಹಿಡಿಯಿರಿ. ವಾರದಿಂದ ವಾರಕ್ಕೆ ಹಗಲು ಬೆಳೆಯುತ್ತದೆ, ಈಸ್ಟರ್ ರಜೆಯೂ ಸಿಗುತ್ತದೆ.

ಇನ್ನು ಊರು. ರಾಜಧಾನಿಯೇ ಬೇಕೆಂಬ ಹಟ ಬೇಡ. ಅಲ್ಲಿ ಬಾಡಿಗೆ ಜಾಸ್ತಿ, ರೂಮು ಸಿಗುವುದು ಕಷ್ಟ. ಅದರ ಬದಲು ಗಡಿಯ ಹತ್ತಿರದ ಊರುಗಳನ್ನು ನೋಡಿ. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿನಲ್ಲಿ ಇಳಿಯಬಹುದು. ಜರ್ಮನಿಯ ಆಖೆನ್‌ನಿಂದ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಎರಡೂ ಪಕ್ಕದಲ್ಲೇ. ಸ್ವೀಡನ್‌ನ ಮಾಲ್ಮೋದಿಂದ ಓರೆಸಂಡ್ ಸೇತುವೆ ದಾಟಿದರೆ ಕೋಪನ್‌ಹೇಗನ್. ರೈಲಿನಲ್ಲಿ ಒಂದು ಗಂಟೆಯೂ ಬೇಡ. ಇಂಥ ಊರಲ್ಲಿದ್ದರೆ ಬುಧವಾರ ಮಧ್ಯಾಹ್ನ ಕ್ಲಾಸ್ ಇಲ್ಲದಿದ್ದರೂ ಸಾಕು, ಇನ್ನೊಂದು ದೇಶ ನೋಡಿ ಬರಬಹುದು.

2. ಕ್ರೆಡಿಟ್ ಮಾತು ಬರಹದಲ್ಲಿರಲಿ

ಯುರೋಪಿನ ಬಹುತೇಕ ವಿಶ್ವವಿದ್ಯಾಲಯಗಳು ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿ ಬಳಸುತ್ತವೆ. ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಕ್ಲಾಸು, ಓದು, ಪರೀಕ್ಷೆ ಎಲ್ಲ ಸೇರಿ. ನೀವು ಯಾವ ಕೋರ್ಸ್ ಓದುತ್ತೀರಿ, ನಿಮ್ಮ ಕಾಲೇಜು ಅದನ್ನು ಯಾವ ಕೋರ್ಸಿಗೆ ಸಮ ಎಂದು ಒಪ್ಪುತ್ತದೆ ಎಂಬುದನ್ನು ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ ಬರೆದು, ಎರಡೂ ಕಡೆಯವರ ಸಹಿ ಹಾಕಿಸಿಕೊಳ್ಳಿ. "ಹೋಗಿ ಬಾ, ಆಮೇಲೆ ನೋಡೋಣ" ಎಂಬ ಬಾಯಿಮಾತು ನಂಬಬೇಡಿ. ಅಲ್ಲಿಗೆ ಹೋದ ಮೇಲೆ ಒಂದೆರಡು ಕೋರ್ಸ್ ರದ್ದಾಗುವುದು, ಎರಡರ ಸಮಯ ಒಂದಕ್ಕೊಂದು ಅಡ್ಡ ಬರುವುದು ಮಾಮೂಲಿ. ಆದ್ದರಿಂದ ಎರಡು ಕೋರ್ಸ್ ಹೆಚ್ಚಿಗೆ ಒಪ್ಪಿಗೆ ಪಡೆದಿಟ್ಟುಕೊಳ್ಳಿ.

ಅಂಕಗಳ ಲೆಕ್ಕ ಒಂದೊಂದು ದೇಶದಲ್ಲಿ ಒಂದೊಂದು ಥರ. ಫ್ರಾನ್ಸ್‌ನಲ್ಲಿ 20ಕ್ಕೆ 10 ಬಂದರೆ ಪಾಸ್, 14 ಬಂದರೆ ಚೆನ್ನಾಗಿಯೇ ಬರೆದಿದ್ದೀರಿ ಅಂತ. ಇಟಲಿಯಲ್ಲಿ 30ಕ್ಕೆ 18 ಬೇಕು, ಎಷ್ಟೋ ಪರೀಕ್ಷೆಗಳು ಪ್ರೊಫೆಸರ್ ಎದುರು ಕೂತು ಬಾಯಲ್ಲೇ ಉತ್ತರಿಸುವಂಥವು. ಜರ್ಮನಿಯಲ್ಲಿ ತಿರುಗುಮುರುಗು: 1.0 ಅತಿ ಒಳ್ಳೆಯದು, 4.0ಕ್ಕೆ ಪಾಸ್, ಅದರಾಚೆ ಫೇಲ್. ಇವನ್ನು ನಿಮ್ಮ ಅಂಕಪಟ್ಟಿಗೆ ಹೇಗೆ ಬದಲಿಸುತ್ತಾರೆ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

3. ವೀಸಾ: 90 ದಿನದ ಲೆಕ್ಕ ಸರಿಯಾಗಿ ತಿಳಿದಿರಲಿ

ಯುರೋಪಿಯನ್ ಒಕ್ಕೂಟದ ಹೊರಗಿನ ಪಾಸ್‌ಪೋರ್ಟ್ ಇರುವವರು 90 ದಿನಕ್ಕಿಂತ ಹೆಚ್ಚು ಓದಲು ಹೋಗುವುದಾದರೆ, ಓದುವ ದೇಶದ ದೀರ್ಘಾವಧಿ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್ ಬೇಕು. ಅದು ಕೈಯಲ್ಲಿದ್ದರೆ ಉಳಿದ ಶೆಂಗೆನ್ ದೇಶಗಳಿಗೂ (ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿರುವ ದೇಶಗಳು) ಹೋಗಿಬರಬಹುದು. 2025ರ ಜನವರಿಯಲ್ಲಿ ಬಲ್ಗೇರಿಯಾ, ರೊಮೇನಿಯಾ ಪೂರ್ತಿಯಾಗಿ ಸೇರಿದ ಮೇಲೆ ಶೆಂಗೆನ್ ದೇಶಗಳು 29.

ಜನ ಎಡವುವುದು ಇಲ್ಲಿ. ನೀವು ಓದುವ ದೇಶದಲ್ಲಿ ಪರ್ಮಿಟ್ ಇರುವಷ್ಟು ದಿನ ಇರಬಹುದು. ಆದರೆ ಉಳಿದ ಶೆಂಗೆನ್ ದೇಶಗಳಲ್ಲಿ ಎಲ್ಲ ಸೇರಿ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಒಮ್ಮೆ ಹೊರಗೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವುದಿಲ್ಲ. ಇವತ್ತಿನಿಂದ ಹಿಂದಕ್ಕೆ 180 ದಿನ ಎಣಿಸಿ, ಅದರೊಳಗೆ ಎಷ್ಟು ದಿನ ಬೇರೆ ಶೆಂಗೆನ್ ದೇಶಗಳಲ್ಲಿದ್ದಿರಿ ಎಂದು ಕೂಡಿಸಬೇಕು. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ವಾರಾಂತ್ಯದ ತಿರುಗಾಟಕ್ಕೆ 90 ದಿನ ಧಾರಾಳವಾಗಿ ಸಾಕು. ಸೆಮಿಸ್ಟರ್ ಮುಗಿದ ಮೇಲೆ ಎರಡು ತಿಂಗಳು ಸುತ್ತುತ್ತೇನೆ ಅನ್ನುವವರು ಮಾತ್ರ ಪರ್ಮಿಟ್ ಯಾವಾಗ ಮುಗಿಯುತ್ತದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಿ.

ಸ್ವಿಟ್ಜರ್ಲೆಂಡ್, ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಶೆಂಗೆನ್‌ನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಶೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಅಗ್ಗದ ಲಂಡನ್ ವಿಮಾನ ಕಂಡ ಕೂಡಲೇ ಬುಕ್ ಮಾಡಿ ಆಮೇಲೆ ವೀಸಾ ನೆನಪಾದರೆ ಆ ದುಡ್ಡು ಹೋದಹಾಗೇ.

ಖರ್ಚಿಗೆ ಹಣವಿದೆ ಎಂದೂ ತೋರಿಸಬೇಕು. ಜರ್ಮನಿ ತಿಂಗಳಿಗೆ 992 ಯೂರೋ ಲೆಕ್ಕ ಹಿಡಿದಿತ್ತು, ವರ್ಷಕ್ಕೆ 11,904. ಈ ಮೊತ್ತ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ಅಂಕಿಯನ್ನೇ ನೋಡಿ. ಹಣವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟರೆ ತಿಂಗಳಿಗೆ ಇಷ್ಟು ಎಂದು ಬಿಡಿಸಿಕೊಳ್ಳಬಹುದು.

4. ರೂಮು

ಸೀಟು ಸಿಕ್ಕ ಪತ್ರ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಒಂದೇ ಸೆಮಿಸ್ಟರಿಗೆ ಖಾಸಗಿ ಮನೆ ಕೊಡುವವರು ಕಡಿಮೆ. "ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀ ಪೋಸ್ಟ್‌ನಲ್ಲಿ ಬರುತ್ತದೆ" ಎಂದು ಓನರ್ ಬರೆದರೆ ಅದು ಮೋಸ. ಫೋಟೋ ಎಷ್ಟೇ ಚೆನ್ನಾಗಿರಲಿ, ಮುಂದೆ ಹೋಗಬೇಡಿ.

5. ಮೊದಲ ಮೂರು ವಾರ ಎಲ್ಲಿಗೂ ಹೋಗಬೇಡಿ

ಇದು ಯಾರಿಗೂ ಇಷ್ಟವಾಗದ ಸಲಹೆ. ಆದರೆ ಕಚೇರಿ ಕೆಲಸಗಳ ಗಡುವೆಲ್ಲ ಈ ದಿನಗಳಲ್ಲೇ ಬರುತ್ತದೆ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಇಟಲಿಯಲ್ಲಿ ಬಂದ 8 ಕೆಲಸದ ದಿನಗಳೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅರ್ಜಿಯ ಕವರು ಸಿಗುವುದೂ, ಕೊಡುವುದೂ ಪೋಸ್ಟ್ ಆಫೀಸಿನಲ್ಲೇ. ಫ್ರಾನ್ಸ್‌ನ ವಿದ್ಯಾರ್ಥಿ ವೀಸಾವನ್ನು ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವೆಬ್‌ಸೈಟ್ ನೋಡುತ್ತಿರಿ, ಯಾರೋ ರದ್ದು ಮಾಡಿದ ಸಮಯ ಸಿಗುವ ಸಾಧ್ಯತೆ ಇರುತ್ತದೆ.

ಒಂದು ಸಣ್ಣ ಕೆಲಸ ಎಷ್ಟೋ ಜನ ಮರೆಯುತ್ತಾರೆ. ಜರ್ಮನಿಯಲ್ಲಿ ಪೋಸ್ಟ್‌ಮ್ಯಾನ್ ನೋಡುವುದು ರೂಮ್ ನಂಬರ್ ಅಲ್ಲ, ಅಂಚೆಪೆಟ್ಟಿಗೆಯ ಮೇಲಿನ ಹೆಸರು. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ಇನ್ಶೂರೆನ್ಸ್ ಕಾರ್ಡು, ಸರ್ಕಾರಿ ಪತ್ರ ಎಲ್ಲ ಬರುವುದು ಅಂಚೆಯಲ್ಲೇ. ಹಾಗಾಗಿ ಸೂಟ್‌ಕೇಸ್ ಬಿಚ್ಚುವ ಮುಂಚೆ ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆದು, ಟೇಪ್ ಹಚ್ಚಿ ಅಂಟಿಸಿ. ಬೇರೆಯವರ ಜೊತೆ ಮನೆ ಹಂಚಿಕೊಂಡಿದ್ದರೆ ಅವರ ಹೆಸರಿನ ಕೆಳಗೇ ಅಂಟಿಸಿದರಾಯಿತು.

ಸಿಮ್ ಅಲ್ಲೇ ಕೊಳ್ಳಿ. 2017ರ ಜೂನ್‌ನಿಂದ ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗ್‌ಗೆ ಹೆಚ್ಚಿನ ಚಾರ್ಜ್ ಇಲ್ಲ. ಆದರೆ ಸ್ವಿಟ್ಜರ್ಲೆಂಡ್ ಅದರ ಹೊರಗೆ. ಜರ್ಮನಿಯಿಂದ ಮಿಲಾನ್‌ಗೆ ಹೋಗುವ ರೈಲು ಆಲ್ಪ್ಸ್ ದಾಟುವುದು ಸ್ವಿಟ್ಜರ್ಲೆಂಡ್ ಮೂಲಕವಾದರೆ, ಕಿಟಕಿಯಾಚೆ ಬೆಟ್ಟ ಕಂಡು ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದವರಿಗೆ ಬಿಲ್ ಬಂದಾಗ ಗೊತ್ತಾಗುತ್ತದೆ. ಗಡಿಗೆ ಬರುವ ಮುಂಚೆ ಡೇಟಾ ಆಫ್ ಮಾಡಿ.

6. ಈಗ ತಿರುಗಾಟ

ಹತ್ತಿರದಿಂದ ಶುರುಮಾಡಿ. ನಿಮ್ಮ ವಿಶ್ವವಿದ್ಯಾಲಯ ಸೆಮಿಸ್ಟರ್ ಟಿಕೆಟ್ (ಸೆಮಿಸ್ಟರ್ ಪೂರ್ತಿ ಬಸ್ಸು, ರೈಲಿಗೆ ನಡೆಯುವ ಪಾಸ್) ಕೊಟ್ಟಿದ್ದರೆ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂದು ನೋಡಿ, ಆ ಗಡಿಯವರೆಗಿನ ಊರುಗಳನ್ನು ಮೊದಲು ಮುಗಿಸಿ. ಅವಕ್ಕೆ ಮುಂಚೆ ಬುಕ್ ಮಾಡಬೇಕಿಲ್ಲ, ಹವಾಮಾನ ಚೆನ್ನಾಗಿದ್ದರೆ ಎದ್ದು ಹೊರಟರಾಯಿತು.

ದೂರದ ರೈಲಿಗೆ ಪಾಸ್ ಕೊಳ್ಳುವುದೋ, ಬಿಡಿ ಟಿಕೆಟ್ಟೋ? ಯುರೋಪಿನ ಹೊರಗೆ ವಾಸಿಸುವವರಿಗೆ ಯೂರೈಲ್, ಅಲ್ಲೇ ವಾಸಿಸುವವರಿಗೆ ಇಂಟರ್‌ರೈಲ್. ಇದನ್ನು ತೀರ್ಮಾನಿಸುವುದು ಪಾಸ್‌ಪೋರ್ಟ್ ಅಲ್ಲ, ವಾಸ. ಅಂದರೆ ಪರ್ಮಿಟ್ ಇರುವ ನೀವು ಇಂಟರ್‌ರೈಲ್ ಕಡೆಯವರು. ಒಂದು ಷರತ್ತಿದೆ: ವಾಸಿಸುವ ದೇಶದೊಳಗೆ ಅದನ್ನು ಎರಡೇ ಪ್ರಯಾಣಕ್ಕೆ ಬಳಸಬಹುದು, ಹೊರಡುವಾಗ ಒಂದು, ಮರಳುವಾಗ ಒಂದು. 27 ವರ್ಷದವರೆಗೆ ರಿಯಾಯಿತಿ ಇದೆ. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ನನ್ನ ಪ್ರಕಾರ ವಾರಾಂತ್ಯಕ್ಕೆ ಪಾಸ್ ದಂಡ. ಒಂದೆರಡು ತಿಂಗಳು ಮೊದಲೇ ಕೊಂಡ ಬಿಡಿ ಟಿಕೆಟ್ಟೇ ಅಗ್ಗ. ರಜೆಯಲ್ಲಿ ಒಂದೇ ಸಲ ನಾಲ್ಕೈದು ದೇಶ ಸುತ್ತುವವರಿಗೆ ಪಾಸ್ ಸರಿ.

ವಿಮಾನ ಅಗ್ಗ ಅನ್ನುತ್ತಾರೆ. ಪೂರ್ತಿ ಲೆಕ್ಕ ಹಾಕಿ ನೋಡಿ. "ಪ್ಯಾರಿಸ್" ಎಂದು ಮಾರುವ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ದೂರ. "ಫ್ರಾಂಕ್‌ಫರ್ಟ್" ಎಂದು ಮಾರುವ ಹಾನ್ ಇನ್ನೂ ದೂರ, ಸುಮಾರು 120 ಕಿ.ಮೀ. ಬಸ್ಸಿನ ದುಡ್ಡು, ಬ್ಯಾಗಿನ ದುಡ್ಡು, ಬೆಳಿಗ್ಗೆ 6ರ ವಿಮಾನಕ್ಕೆ ರಾತ್ರಿಯೇ ಹೊರಡುವ ಫಜೀತಿ ಎಲ್ಲ ಸೇರಿಸಿದರೆ ಎಷ್ಟೋ ಸಲ ರೈಲೇ ಮೇಲು. ವಿಯೆನ್ನಾದಿಂದ ವೆನಿಸ್‌ಗೋ ರೋಮ್‌ಗೋ ರಾತ್ರಿ ರೈಲು ಹಿಡಿದರೆ ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯುತ್ತದೆ. ಬರೀ ಸೀಟು ಬೇಡ, ಮಲಗುವ ಬರ್ತ್ ತೆಗೆದುಕೊಳ್ಳಿ. ಮಾರನೇ ದಿನ ಊರು ನೋಡಲು ಕಣ್ಣು ತೆರೆದಿರಬೇಕಲ್ಲ.

ತಡವಾದರೆ ಸುಮ್ನೆ ಬಿಡಬೇಡಿ. ಒಕ್ಕೂಟದ ನಿಯಮದಂತೆ ರೈಲು 60 ನಿಮಿಷ ತಡವಾದರೆ ಟಿಕೆಟ್ಟಿನ 25%, 120 ನಿಮಿಷ ದಾಟಿದರೆ 50% ವಾಪಸ್ ಕೇಳಬಹುದು. ತೀರಾ ಕೆಟ್ಟ ಹವಾಮಾನದಂಥ, ಕಂಪನಿಯ ಕೈಮೀರಿದ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಟಿಕೆಟ್ಟನ್ನೂ, ನಿಲ್ದಾಣದ ಬೋರ್ಡಿನ ಫೋಟೋವನ್ನೂ ಇಟ್ಟುಕೊಂಡಿರಿ. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ಕೊಂಡಿದ್ದರೂ ದಂಡ ಬೀಳಬಹುದು.

ಶೆಂಗೆನ್ ಒಳಗೆ ಗಡಿ ಇಲ್ಲ ಎಂದು ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ನಡುರಾತ್ರಿ ಬಸ್ಸು ನಿಲ್ಲಿಸಿ ಪೊಲೀಸರು ಟಾರ್ಚ್ ಹಿಡಿದು ಬಂದಾಗ ಮೊಬೈಲಿನ ಫೋಟೋ ತೋರಿಸಿದರೆ ನಡೆಯುವುದಿಲ್ಲ. ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ಎರಡೂ ಜೊತೆಗಿರಲಿ.

ಎಲ್ಲ ಕಡೆ ಯೂರೋ ನಡೆಯುವುದಿಲ್ಲ. ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್, ಪೋಲೆಂಡ್‌ನಲ್ಲಿ ಜ್ಲೋಟಿ. ಎಟಿಎಂ "ನಿಮ್ಮ ಕಾರ್ಡಿನ ಕರೆನ್ಸಿಗೆ ಬದಲಿಸಲೇ?" ಎಂದು ಕೇಳಿದರೆ ಬೇಡ ಎನ್ನಿ. ಸ್ಥಳೀಯ ಹಣದಲ್ಲೇ ತೆಗೆದರೆ ಕಳೆದುಕೊಳ್ಳುವುದು ಕಡಿಮೆ.

ಮ್ಯೂಸಿಯಂಗಳಲ್ಲಿ ನಿಮ್ಮ ವಿಳಾಸ ನಿಜವಾಗಿ ಕೆಲಸಕ್ಕೆ ಬರುತ್ತದೆ. ಫ್ರಾನ್ಸ್‌ನಲ್ಲಿ ಓದುವ, 26 ವರ್ಷ ತುಂಬದವರು ಪರ್ಮಿಟ್ ತೋರಿಸಿ ಲೂವ್ರ್ ಮ್ಯೂಸಿಯಂ ಪುಕ್ಕಟೆ ನೋಡಬಹುದು. ಅದಕ್ಕೆ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂಗೆ ಸೋಮವಾರ. ಮ್ಯಾಡ್ರಿಡ್‌ನ ಪ್ರಾಡೊದಲ್ಲಿ ದಿನದ ಕೊನೆಯ ಎರಡು ಗಂಟೆ ಎಲ್ಲರಿಗೂ ಪುಕ್ಕಟೆ, ಕ್ಯೂ ಮಾತ್ರ ಉದ್ದ. ಇಟಲಿಯ ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಉಚಿತ. ಪುಕ್ಕಟೆ ಪ್ರವೇಶದಲ್ಲಿ ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿದೆ: ಎಲ್ಲ ನೋಡಿಯೇ ತೀರಬೇಕೆಂಬ ಒತ್ತಡ ಇರುವುದಿಲ್ಲ. ಒಂದು ಕೋಣೆ ನೋಡಿ ಬನ್ನಿ, ಮತ್ತೊಂದು ವಾರ ಇನ್ನೊಂದು ಕೋಣೆ.

ವಾರಾಂತ್ಯಕ್ಕೆ ಒಂದೇ ಊರು. ಮೂರು ಊರು ಹಾಕಿಕೊಂಡರೆ ನೋಡುವುದು ಮೂರು ರೈಲು ನಿಲ್ದಾಣ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಹೆಚ್ಚುಕಡಿಮೆ ಎಲ್ಲ ಮುಚ್ಚಿರುತ್ತವೆ. ರಾತ್ರಿ ಮರಳಿ ಬಂದಾಗ ತಿನ್ನಲು ಏನಾದರೂ ಇರುವಂತೆ ಶನಿವಾರವೇ ತಂದಿಟ್ಟಿರಿ.

7. ಪರೀಕ್ಷೆ ಮತ್ತು ಮರಳುವ ಸಿದ್ಧತೆ

ಜರ್ಮನಿಯಲ್ಲಿ ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರಿರುವುದಿಲ್ಲ. ಸಾಮಾನ್ಯವಾಗಿ ಅದನ್ನು ಬೇರೆಯಾಗಿ ನೋಂದಾಯಿಸಬೇಕು, ಗಡುವು ಪರೀಕ್ಷೆಗಿಂತ ಎಷ್ಟೋ ವಾರ ಮುಂಚೆಯೇ ಮುಗಿಯುತ್ತದೆ. ಹೆಚ್ಚು ಜನ ತಿರುಗಾಟದಲ್ಲಿ ಮುಳುಗಿರುವುದೂ ಆಗಲೇ. ಮೊದಲ ವಾರದಲ್ಲೇ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಮರುಪರೀಕ್ಷೆ ಯಾವಾಗ ಎಂದೂ ಕೇಳಿ, ಅಷ್ಟು ಹೊತ್ತಿಗೆ ನೀವು ಅಲ್ಲಿರುವುದಿಲ್ಲವಲ್ಲ.

ಹೊರಡುವ ಮುಂಚೆ ವಿಳಾಸದ ನೋಂದಣಿ ರದ್ದು ಮಾಡಿಸಿ, ಇನ್ಶೂರೆನ್ಸ್ ನಿಲ್ಲಿಸಿ. ರೂಮು ಒಪ್ಪಿಸುವಾಗ ಗೋಡೆ, ಒಲೆ, ಬಾತ್‌ರೂಮು ಎಲ್ಲದರ ಫೋಟೋ ತೆಗೆದು, ಹಸ್ತಾಂತರದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ಅಂಕಪಟ್ಟಿ ಬರಲು ವಾರಗಳೇ ಹಿಡಿಯುತ್ತವೆ. ಅದನ್ನು ಯಾವ ಇಮೇಲ್‌ಗೆ ಕಳಿಸುತ್ತಾರೆ ಎಂದು ಕೇಳಿ. ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ಅಷ್ಟರಲ್ಲಿ ಬಂದ್ ಆಗಿರಬಹುದು. ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ. ರೂಮಿನ ಅಡ್ವಾನ್ಸ್ ವಾಪಸ್ ಬರಲು ತಿಂಗಳುಗಳಾಗುವುದುಂಟು, ಅದು ಬರುವುದು ಆ ಖಾತೆಗೇ.