ಕರ್ನಲ್ ಲಾಗ್ ತಿದ್ದುವುದು ಹೇಗೆ? ಮೊದಲ ಪ್ಯಾಚ್‌ಗೆ ಒಂದು ಒಳ್ಳೆ ದಾರಿ

ಲಿನಕ್ಸ್‌ನ ತಿರುಳಾದ, ಹಾರ್ಡ್‌ವೇರನ್ನು ನಡೆಸುವ ಕರ್ನಲ್‌ಗೆ ತಾನೂ ಒಂದು ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕಳಿಸಬೇಕು ಅನ್ನುವ ಆಸೆ ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ಹುಡುಗ ಹುಡುಗಿಯರಲ್ಲಿ ಬೇಕಾದಷ್ಟು ಜನರಿಗೆ ಇದೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ ಶುರು ಮಾಡಲಿ? ಶೆಡ್ಯೂಲರ್, ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ದೊಡ್ಡದಕ್ಕೇ ಕೈ ಹಾಕಿ, ಅರ್ಥವಾಗದೆ ಬಿಟ್ಟವರನ್ನು ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ ಲಾಗ್‌ನಿಂದ ಶುರು ಮಾಡಿ. ಕರ್ನಲ್ ತನಗೇನಾಯಿತು ಅಂತ ಹೇಳಿಕೊಳ್ಳುವ ಸಾಲುಗಳಿವೆಯಲ್ಲ, ಅವನ್ನು ಓದುವುದು, ತಿದ್ದುವುದು, ಬೇಡದ್ದನ್ನು ತೆಗೆಯುವುದು. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ದುಬಾರಿ ಬೋರ್ಡ್ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ಇಮೇಲ್ ಇದ್ದರೆ ಆಯಿತು.

ಲಾಗ್ ಅಂದರೆ ಪುಟಾಣಿ ವಿಷಯ ಅಂತ ಮಾತ್ರ ಅಂದುಕೊಳ್ಳಬೇಡಿ. ಕರ್ನಲ್‌ನಲ್ಲಿ ಮೆಸೇಜ್ ಬರೆಯುವ ಫಂಕ್ಷನ್ನಿನ ಹೆಸರು ಪ್ರಿಂಟ್‌ಕೆ. ಲಿನಕ್ಸ್‌ಗೆ ರಿಯಲ್‌ಟೈಮ್ ಗುಣ (ಹೇಳಿದ ಹೊತ್ತಿಗೆ ತಪ್ಪದೆ ಕೆಲಸ ಮಾಡುವ ಗುಣ) ಕೊಡುವ ಪ್ರಿಎಂಪ್ಟ್ ಆರ್‌ಟಿ ಕೆಲಸ ಮುಖ್ಯ ಕರ್ನಲ್‌ಗೆ ಸೇರಿದ್ದು 2024ರಲ್ಲಿ, 6.12ನೇ ಆವೃತ್ತಿಗೆ. ಅಷ್ಟು ಹೊತ್ತಿಗೆ ಸುಮಾರು 20 ವರ್ಷ ಆಗಿತ್ತು, ಕೊನೆಕೊನೆಗೆ ಅದಕ್ಕೆ ಅಡ್ಡ ನಿಂತಿದ್ದು ಇದೇ ಪ್ರಿಂಟ್‌ಕೆ. ಮೆಸೇಜ್ ಬರೆಯುತ್ತಾ ಕೂತರೆ ಉಳಿದ ಕೆಲಸ ಕಾಯಬೇಕಾಗುತ್ತದೆ, ರಿಯಲ್‌ಟೈಮ್‌ನಲ್ಲಿ ಅದು ನಡೆಯುವುದಿಲ್ಲ. ಕರ್ನಲ್ ಡೆವಲಪರ್ ಜಾನ್ ಒಗ್ನೆಸ್ ಬರೆದ, ಒಬ್ಬರಿಗೊಬ್ಬರು ಕಾಯದೆ ಮೆಸೇಜ್ ಬರೆಯಬಹುದಾದ (ಲಾಕ್ ಇಲ್ಲದ) ರಿಂಗ್ ಬಫರ್ 2020ರಲ್ಲಿ 5.10ಕ್ಕೆ ಸೇರಿತು. ಅದಾದ ಮೇಲೂ ಕನ್ಸೋಲ್ ಭಾಗವನ್ನು (ಮೆಸೇಜನ್ನು ಪರದೆಗೆ ಇಲ್ಲವೇ ಸೀರಿಯಲ್ ಕೇಬಲ್‌ಗೆ ಕಳಿಸುವ ಭಾಗ) ಸರಿ ಮಾಡಲು ವರ್ಷಗಳೇ ಹಿಡಿದವು.

ಮೊದಲು ಸುಮ್ನೆ ಓದಿ

ಟರ್ಮಿನಲ್ ತೆಗೆದು ಡಿ, ಎಂ, ಇ, ಎಸ್, ಜಿ ಅಂತ ಐದು ಅಕ್ಷರ ಒತ್ತಿ. ಡಿ-ಮೆಸೇಜ್ ಅಂತ ಓದುತ್ತಾರೆ. ಉಬುಂಟು ಆದರೆ ಅದರ ಮೊದಲು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಸೇರಿಸಬೇಕಾಗುತ್ತದೆ. ಬೂಟ್ ಆದಾಗಿನಿಂದ ಕರ್ನಲ್ ಹೇಳಿದ್ದೆಲ್ಲ ಸಾಲಾಗಿ ಬರುತ್ತದೆ. ಇದೆಲ್ಲ ಕೂರುವುದು ಒಂದು ಸುತ್ತುವ ಬಫರ್‌ನಲ್ಲಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಬರೀ 128 ಕೆಬಿ. ತುಂಬಿದರೆ ಹಳೆಯ ಸಾಲು ಹೋಗಿ ಹೊಸದು ಕೂರುತ್ತದೆ. ಈ 128 ಅನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರತಿ ಮೆಸೇಜ್‌ಗೂ 0ಯಿಂದ 7ರವರೆಗೆ ಒಂದು ಲೆವೆಲ್ ಇರುತ್ತದೆ. 0 ಅಂದರೆ ಸಿಸ್ಟಮ್ಮೇ ಬಿದ್ದಿದೆ, 3 ಎರರ್, 4 ವಾರ್ನಿಂಗ್, 6 ಮಾಹಿತಿ, 7 ಡೀಬಗ್. ಅಂಕಿ ಚಿಕ್ಕದಾದಷ್ಟೂ ವಿಷಯ ದೊಡ್ಡದು. ಪ್ರೊಕ್ ಫೋಲ್ಡರಿನ ಸಿಸ್ ಒಳಗೆ, ಕರ್ನಲ್ ಒಳಗೆ ಇರುವ ಪ್ರಿಂಟ್‌ಕೆ ಅನ್ನುವ ಫೈಲ್ ತೆಗೆದರೆ ನಾಲ್ಕು ಅಂಕಿ ಕಾಣುತ್ತವೆ. ಅದರಲ್ಲಿ ಮೊದಲನೆಯದಕ್ಕಿಂತ ಚಿಕ್ಕ ಲೆವೆಲ್ ಇದ್ದ ಮೆಸೇಜ್ ಮಾತ್ರ ಕನ್ಸೋಲ್‌ಗೆ ಹೋಗುತ್ತದೆ. ಅಲ್ಲಿ 4 ಇದ್ದರೆ ವಾರ್ನಿಂಗ್ ಕೂಡ ಪರದೆ ಮೇಲೆ ಬರುವುದಿಲ್ಲ, ಬಫರ್‌ನಲ್ಲಿ ಮಾತ್ರ ಉಳಿಯುತ್ತದೆ.

ಒಂದು ವಾರ ನಿಮ್ಮದೇ ಲ್ಯಾಪ್‌ಟಾಪ್‌ನ ಲಾಗ್ ಓದಿ. ಎರರ್ ಲೆವೆಲ್‌ನಲ್ಲಿ ಬಂದದ್ದು ನಿಜವಾಗಿ ಎರರ್ರಾ? ವೈಫೈ ಚೆನ್ನಾಗೇ ನಡೆಯುತ್ತಿದ್ದರೂ ಕೆಂಪು ಸಾಲು ಬರುತ್ತಿದೆಯಾ? ಅಂಥದ್ದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಕೆಲಸದ ಪಟ್ಟಿ ಅದೇ.

ಯಾರು ಹೇಳುತ್ತಿದ್ದಾರೆ?

ಹಳೆಯ ಡ್ರೈವರ್‌ಗಳಲ್ಲಿ (ಒಂದೊಂದು ಡಿವೈಸನ್ನು ನಡೆಸುವ ಕೋಡ್) ಪ್ರಿಂಟ್‌ಕೆಯನ್ನು ನೇರವಾಗಿ ಕರೆದು, "ಇನಿಟ್ ಫೇಲ್ಡ್" ಅಂತ ಬರೆದು ಬಿಟ್ಟಿರುತ್ತಾರೆ. ಯಾವುದರ ಇನಿಟ್ (ಶುರು ಮಾಡುವ ಕೆಲಸ)? ಮಷಿನ್‌ಗೆ ಒಂದೇ ಥರದ ಮೂರು ಡಿವೈಸ್ ಹಾಕಿದ್ದರೆ ಯಾವುದು ಕೆಟ್ಟಿತು? ಎಪಿಎಂಸಿ ಯಾರ್ಡ್‌ನಲ್ಲಿ ಯಾರ ಮಾಲು ಅಂತ ಚೀಟಿ ಇಲ್ಲದ ಮೆಕ್ಕೆಜೋಳದ ಚೀಲ ಹೇಗೋ ಈ ಮೆಸೇಜ್ ಹಾಗೆ, ಮುಂದೆ ಇದ್ದರೂ ಯಾರಿಗೂ ಉಪಯೋಗವಿಲ್ಲ.

ಕರ್ನಲ್ ಇದಕ್ಕೊಂದು ಕ್ರಮ ಇಟ್ಟಿದೆ. ನೆಟ್‌ವರ್ಕ್ ಡ್ರೈವರ್ ಆದರೆ ನೆಟ್‌ಡೆವ್_ಎರ್, ಬೇರೆ ಯಾವುದೇ ಡಿವೈಸ್ ಆದರೆ ಡೆವ್_ಎರ್, ಡಿವೈಸ್ ಕೈಗೆ ಸಿಗದ ಕಡೆ ಪಿಆರ್_ಎರ್. ಡೆವ್_ಎರ್ ಹಾಕಿದರೆ ಡ್ರೈವರ್ ಹೆಸರು, ಡಿವೈಸ್ ಹೆಸರು ತಾವಾಗಿಯೇ ಸಾಲಿನ ಮುಂದೆ ಬರುತ್ತವೆ. ಪಿಆರ್_ ಜಾತಿಯವಕ್ಕೆ ಫೈಲಿನ ಮೇಲ್ಗಡೆ ಪಿಆರ್_ಎಫ್ಎಂಟಿ ಅನ್ನುವ ಮ್ಯಾಕ್ರೊ ಬರೆದು ಮಾಡ್ಯೂಲ್ ಹೆಸರನ್ನು ಸೇರಿಸಬಹುದು. ಅದನ್ನು ಎಲ್ಲ ಇನ್‌ಕ್ಲೂಡ್ ಸಾಲುಗಳಿಗಿಂತ ಮೊದಲೇ ಬರೆಯಬೇಕು, ಇಲ್ಲದಿದ್ದರೆ ಅದು ಮೊದಲೇ ಡಿಫೈನ್ ಆಗಿದೆ ಅಂತ ಕಂಪೈಲರ್ ತಕರಾರು ಮಾಡುತ್ತದೆ.

ಇಲ್ಲಿ ಒಂದು ಮಾತು. ಡೆವ್_ಎರ್ ಒಳ್ಳೆಯದು ಅಂತ ಡಿವೈಸ್ ಪಾಯಿಂಟರ್ ಇಲ್ಲದ ಫಂಕ್ಷನ್‌ಗೂ ಅದನ್ನು ಎಲ್ಲಿಂದಲೋ ಎಳೆದು ತರಬೇಡಿ. ಪಾಯಿಂಟರ್ ಇನ್ನೂ ತಯಾರಾಗಿಲ್ಲದ ಹೊತ್ತಿನಲ್ಲಿ ಬಳಸಿದರೆ ಮೆಸೇಜ್ ಸರಿ ಮಾಡಲು ಹೋಗಿ ಡ್ರೈವರ್ ಕೆಡಿಸಿದ ಹಾಗಾಗುತ್ತದೆ.

ಏನು ಹೇಳಬೇಕು?

ಇದೇ ಮುಖ್ಯ ಭಾಗ. ಯಾರ್ಡಿನ ಅಂಗಡಿಯೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಯುಎಸ್‌ಬಿ ಕೇಬಲ್ ಮೂಲಕ ಲಿನಕ್ಸ್ ಕಂಪ್ಯೂಟರ್‌ಗೆ ಜೋಡಿಸಿದ್ದಾರೆ ಅಂದುಕೊಳ್ಳಿ. ಸೀಸನ್ ಮಧ್ಯೆ ತೂಕ ಬರುವುದು ನಿಂತುಹೋಯಿತು. ರಿಪೇರಿಗೆ ಬಂದ ಹುಡುಗ ಲಾಗ್ ತೆಗೆದ. "ಯುಎಸ್‌ಬಿ 1-2: ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71" ಅಂತ ಇದೆ. ಈ ಸಾಲು ಕರ್ನಲ್‌ನಲ್ಲಿ ನಿಜವಾಗಿ ಇರುವಂಥದ್ದು, ಯುಎಸ್‌ಬಿ ಜೊತೆ ಕೆಲಸ ಮಾಡಿದವರು ಒಂದಲ್ಲ ಒಂದು ದಿನ ನೋಡಿಯೇ ಇರುತ್ತಾರೆ. ಯಾವ ಪೋರ್ಟ್ ಅಂತ ಗೊತ್ತಾಯಿತು, ಒಳ್ಳೆಯದು. ಆದರೆ -71 ಅಂದರೆ ಏನು? ಅದು ಇಪ್ರೋಟೊ, ಅಂದರೆ ಪ್ರೊಟೊಕಾಲ್ ಎರರ್. ಜಾಸ್ತಿ ಸಲ ಇದರ ಹಿಂದೆ ಇರುವುದು ಕೆಟ್ಟ ಕೇಬಲ್, ಸಡಿಲ ಪೋರ್ಟ್ ಇಲ್ಲವೇ ಸಾಕಾಗದ ಪವರ್. ಅದು ಗೊತ್ತಿದ್ದರೆ ಹುಡುಗ ಮೊದಲು ಕೇಬಲ್ ಬದಲಿಸಿ ನೋಡುತ್ತಾನೆ. ಗೊತ್ತಿಲ್ಲದಿದ್ದರೆ ಇಡೀ ಸಿಸ್ಟಮ್ ಫಾರ್ಮ್ಯಾಟ್ ಮಾಡುತ್ತಾನೆ, ಅಂಗಡಿಯವರಿಗೆ ಒಂದು ದಿನದ ವ್ಯಾಪಾರ ಹೋಗುತ್ತದೆ.

ಹಾಗಾಗಿ ನೀವು ತಿದ್ದುವ ಮೆಸೇಜ್‌ನಲ್ಲಿ ಮೂರು ವಿಷಯ ಇರಲಿ: ಏನು ಮಾಡಲು ಹೋದಾಗ, ಯಾವುದರ ಮೇಲೆ, ಯಾಕೆ ಆಗಲಿಲ್ಲ. "ಇನಿಟ್ ಫೇಲ್ಡ್" ಬದಲು "ಫೇಲ್ಡ್ ಟು ರೀಡ್ ಕ್ಯಾಲಿಬ್ರೇಶನ್ ರಿಜಿಸ್ಟರ್: -ಇಟೈಮ್‌ಡ್‌ಔಟ್" ಅಂತ ಬಂದರೆ ಓದುವವರಿಗೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ. ಎರರ್‌ನ ಅಂಕಿ ಬದಲು ಹೆಸರೇ ಬರಬೇಕೆಂದರೆ %ಪಿಇ ಅನ್ನುವ ಫಾರ್ಮ್ಯಾಟ್ ಇದೆ. ಎರರ್ ಕೋಡನ್ನು ಇಆರ್‌ಆರ್_ಪಿಟಿಆರ್ ಒಳಗೆ ಹಾಕಿ ಕೊಟ್ಟರೆ ಸಾಕು.

ಹಾಗಾದರೆ ಆ ಯುಎಸ್‌ಬಿ ಸಾಲನ್ನೇ ತಿದ್ದಿಬಿಡೋಣವಾ? ನಾನಾದರೆ ಮುಟ್ಟುವುದಿಲ್ಲ. ಎಷ್ಟೋ ವರ್ಷದಿಂದ ಜನ ಆ ಸಾಲನ್ನೇ ಹುಡುಕಿ ಉತ್ತರ ಕಂಡುಕೊಂಡಿದ್ದಾರೆ. ಮೆಸೇಜ್‌ನ ಮಾತು ಬದಲಾಗುವುದಿಲ್ಲ ಅಂತ ಕರ್ನಲ್ ಯಾರಿಗೂ ಭಾಷೆ ಕೊಟ್ಟಿಲ್ಲ, ನಿಜ. ಆದರೂ ಲಾಗ್ ನೋಡಿ ಅಲಾರಂ ಹೊಡೆಯುವ ಪ್ರೋಗ್ರಾಂಗಳು ಬೇಕಾದಷ್ಟಿವೆ. ಈ ತೊಂದರೆಗೇ ಅಂತ 5.15ರಲ್ಲಿ ಪ್ರಿಂಟ್‌ಕೆ ಇಂಡೆಕ್ಸ್ ಬಂತು, ಕರ್ನಲ್‌ನಲ್ಲಿರುವ ಮೆಸೇಜ್‌ಗಳ ಪಟ್ಟಿ ಕೊಡುತ್ತದೆ, ಎರಡು ಆವೃತ್ತಿ ಪಕ್ಕಪಕ್ಕ ಇಟ್ಟು ಯಾವ ಮಾತು ಬದಲಾಯಿತು ಅಂತ ನೋಡಬಹುದು. ಹೆಸರಾದ ಸಾಲುಗಳನ್ನು ಹಾಗೇ ಬಿಟ್ಟು, ಯಾರಿಗೂ ಉಪಯೋಗಕ್ಕೆ ಬಾರದ ಸಾಲುಗಳಿಗೆ ಕೈ ಹಾಕಿ.

ಇದೇ ಭಾಗದಲ್ಲಿ ಇನ್ನೊಂದಿಷ್ಟು. ಮೆಸೇಜ್ ಎಷ್ಟೇ ಉದ್ದ ಆದರೂ ಕೋಡ್‌ನಲ್ಲಿ ಎರಡು ಸಾಲಿಗೆ ಮುರಿಯಬೇಡಿ, ಲಾಗ್‌ನಲ್ಲಿ ಕಂಡದ್ದನ್ನು ಗ್ರೆಪ್ ಮಾಡಿದರೆ (ಕೋಡ್‌ನಲ್ಲಿ ಹುಡುಕಿದರೆ) ಸಿಗಬೇಕು. ಕೊನೆಗೆ ನ್ಯೂಲೈನ್ ಮರೆಯಬೇಡಿ. ಮೆಮೊರಿ ಸಿಗಲಿಲ್ಲ ಅಂತ ಪ್ರತ್ಯೇಕ ಮೆಸೇಜ್ ಬೇಡ, ಮೆಮೊರಿ ಕೇಳುವ ಕೆಮ್ಯಾಲಾಕ್ ಸೋತರೆ ಕರ್ನಲ್ ತಾನೇ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಸಮೇತ ಹೇಳುತ್ತದೆ. ಮೆಮೊರಿ ವಿಳಾಸ ಛಾಪಿಸುವಾಗ ಹುಷಾರು: 4.15ರಿಂದ ಬರೀ %ಪಿ ಹಾಕಿದರೆ ನಿಜವಾದ ವಿಳಾಸ ಬರುವುದಿಲ್ಲ, ಹ್ಯಾಶ್ ಮಾಡಿದ ಅಂಕಿ ಬರುತ್ತದೆ. ಕಳ್ಳರಿಗೆ ಕರ್ನಲ್‌ನ ನಕ್ಷೆ ಸಿಗಬಾರದು ಅಂತ ಹಾಗೆ ಮಾಡಿದ್ದಾರೆ. ನಿಜವಾದದ್ದೇ ಬೇಕು ಅಂತ %ಪಿಎಕ್ಸ್ ಹಾಕಿದರೆ ಮೇಂಟೇನರ್ (ಆ ಭಾಗದ ಕೋಡ್ ನೋಡಿಕೊಳ್ಳುವವರು) ಕಾರಣ ಕೇಳುತ್ತಾರೆ, ಕೇಳಲೇಬೇಕು.

ಡಿವೈಸ್ ಸಿಕ್ಕಾಗ ಡ್ರೈವರ್ ಅದನ್ನು ತಯಾರು ಮಾಡುವ ಪ್ರೋಬ್ ಫಂಕ್ಷನ್‌ನಲ್ಲಿ ಡೆವ್_ಎರ್_ಪ್ರೋಬ್ ಬಳಸಿ, 5.9ರಿಂದ ಇದೆ. ತನಗೆ ಬೇಕಾದ ಕ್ಲಾಕ್ ಅಥವಾ ರೆಗ್ಯುಲೇಟರ್ ಇನ್ನೂ ಬಂದಿಲ್ಲದಿದ್ದರೆ ಡ್ರೈವರ್ "ಆಮೇಲೆ ನೋಡೋಣ" ಅಂತ ಪ್ರೋಬ್-ಡಿಫರ್ ಎರರ್ ಕೊಡುತ್ತದೆ. ಅದು ತಪ್ಪಲ್ಲ, ಬೂಟ್‌ನಲ್ಲಿ ಮಾಮೂಲು. ಹಳೆಯ ಕೋಡ್ ಅದನ್ನೂ ಎರರ್ ಅಂತ ಕೂಗುತ್ತಿತ್ತು. ಈ ಫಂಕ್ಷನ್ ಅದನ್ನು ಡೀಬಗ್‌ಗೆ ಇಳಿಸಿ, ಉಳಿದದ್ದನ್ನು ಹೆಸರು ಸಮೇತ ಛಾಪಿಸಿ, ಅದೇ ಕೋಡನ್ನು ವಾಪಸ್ ಕೊಡುತ್ತದೆ. ಮೂರ್ನಾಲ್ಕು ಸಾಲು ಒಂದಾಗುತ್ತದೆ.

ಒಂದೇ ಮೆಸೇಜ್ ಸುರಿಯುತ್ತಿದ್ದರೆ

ಸೀರಿಯಲ್ ಕನ್ಸೋಲ್ 1,15,200 ಬಾಡ್ ವೇಗದಲ್ಲಿ (ಸೆಕೆಂಡಿಗೆ ಅಷ್ಟು ಬಿಟ್, ಒಂದು ಅಕ್ಷರಕ್ಕೆ 10 ಬಿಟ್) ಓಡುತ್ತಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 11,520 ಅಕ್ಷರ ಹೋಗುತ್ತದೆ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್ ಬೇಕು. ನಮಗೆ ಅದು ಕಣ್ಣು ಮಿಟುಕಿಸುವಷ್ಟೂ ಅಲ್ಲ, ಆದರೆ ಇಂಟರಪ್ಟ್ (ಡಿವೈಸ್ ಕರೆದಾಗ ಪ್ರೊಸೆಸರ್ ಕೈಯಲ್ಲಿದ್ದದ್ದನ್ನು ಬಿಟ್ಟು ಮಾಡುವ ಕೆಲಸ) ಒಳಗೆ ಅದು ಬಹಳ ದೊಡ್ಡ ಹೊತ್ತು. ಕೆಟ್ಟ ಡಿವೈಸ್ ಒಂದು ಸೆಕೆಂಡಿಗೆ ನೂರಾರು ಸಲ ಎರರ್ ಕೊಟ್ಟು, ಪ್ರತಿ ಸಲವೂ ಒಂದು ಸಾಲು ಬರೆದರೆ ಮಷಿನ್ ನಿಂತೇ ಹೋದಂತೆ ಆಗಬಹುದು. ಅದಕ್ಕಿಂತ ಬೇಸರದ ವಿಷಯ ಇನ್ನೊಂದಿದೆ: ಆ 128 ಕೆಬಿ ಬಫರ್ ತುಂಬಿ, ತೊಂದರೆ ಶುರುವಾದ ಮೊದಲ ಸಾಲೇ ಅಳಿಸಿ ಹೋಗುತ್ತದೆ. ನಮಗೆ ಬೇಕಾಗಿದ್ದು ಅದೇ ಅಲ್ವಾ?

ಮತ್ತೆ ಮತ್ತೆ ಬರಬಹುದಾದ ಕಡೆ ರೇಟ್‌ಲಿಮಿಟೆಡ್ ಅಂತ ಕೊನೆಗೊಳ್ಳುವ ರೂಪ ಹಾಕಿ. ಮಾಮೂಲಾಗಿ 5 ಸೆಕೆಂಡಿಗೆ 10 ಮೆಸೇಜ್ ಬಿಟ್ಟು ಉಳಿದದ್ದನ್ನು ತಡೆಯುತ್ತದೆ, ಎಷ್ಟು ತಡೆಯಿತು ಅಂತಲೂ ಹೇಳುತ್ತದೆ. ಒಂದೇ ಸಲ ಹೇಳಿದರೆ ಸಾಕು ಅನ್ನುವಂಥದ್ದಕ್ಕೆ _ಒನ್ಸ್ ಇದೆ. ಪ್ರೋಬ್‌ನಂತೆ ಒಂದು ಸಲ ಮಾತ್ರ ಓಡುವ ಕಡೆ ಎರಡೂ ಬೇಡ.

ಆಗಬಾರದ್ದು ಆಯಿತು ಅಂತ ಎಚ್ಚರಿಸುವ ವಾರ್ನ್_ಆನ್ ಬಳಸುವ ಮೊದಲೂ ಯೋಚಿಸಿ. ಅದು ಸ್ಟ್ಯಾಕ್ ಪೂರ್ತಿ ಛಾಪಿಸುತ್ತದೆ, ಪ್ಯಾನಿಕ್_ಆನ್_ವಾರ್ನ್ ಸೆಟ್ಟಿಂಗ್ ಇಟ್ಟುಕೊಂಡ ಸರ್ವರ್‌ಗಳಲ್ಲಿ ಮಷಿನ್ನನ್ನೇ ಬೀಳಿಸುತ್ತದೆ. ಕರ್ನಲ್ ಕೋಡ್‌ನಲ್ಲೇ ಬಗ್ ಇದೆ ಅನ್ನುವಾಗ ಮಾತ್ರ ಅದು. ಬಳಕೆದಾರರು ತಪ್ಪು ಅಂಕಿ ಕೊಟ್ಟರೆ ಅದಕ್ಕೆಲ್ಲ ವಾರ್ನ್_ಆನ್ ಅಲ್ಲ.

ತೆಗೆಯುವುದೂ ಕೆಲಸವೇ

"ಈ ಫಂಕ್ಷನ್ ಒಳಗೆ ಬಂದೆ", "ಹೊರಗೆ ಹೋದೆ" ಅಂತ ಹೇಳುವ ಸಾಲುಗಳನ್ನು ಕಂಡ ಕೂಡಲೇ ತೆಗೆಯಿರಿ, ಫಂಕ್ಷನ್‌ಗಳ ಓಟವನ್ನು ಹಿಂಬಾಲಿಸುವ ಕರ್ನಲ್‌ನ ಎಫ್‌ಟ್ರೇಸ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. "ಡ್ರೈವರ್ ಲೋಡ್ ಆಯಿತು" ಅಂತ ಸಂಭ್ರಮಿಸುವ ಸಾಲೂ ಬೇಡ, ಎಲ್ಲ ಸರಿ ಇದ್ದಾಗ ಡ್ರೈವರ್ ಬಾಯಿ ಮುಚ್ಚಿಕೊಂಡಿರಬೇಕು. ಡೀಬಗ್‌ಗೆ ನಿಜವಾಗಿ ಬೇಕಾದ ಸಾಲನ್ನು ಡೆವ್_ಡಿಬಿಜಿಗೆ ಇಳಿಸಿ. ಡೈನಮಿಕ್ ಡೀಬಗ್ ಇರುವ ಕರ್ನಲ್‌ನಲ್ಲಿ ಅದು ಮಾಮೂಲಾಗಿ ಸುಮ್ಮನಿರುತ್ತದೆ. ಬೇಕಾದಾಗ ಡೀಬಗ್‌ಎಫ್‌ಎಸ್‌ನ ಡೈನಮಿಕ್_ಡೀಬಗ್ ಫೋಲ್ಡರಿನ ಕಂಟ್ರೋಲ್ ಫೈಲಿಗೆ ಆ ಸೋರ್ಸ್ ಫೈಲಿನ ಹೆಸರು ಮತ್ತು +ಪಿ ಅಂತ ಬರೆದರೆ ಅಷ್ಟೇ ಮೆಸೇಜ್‌ಗಳು ಶುರುವಾಗುತ್ತವೆ, ಕರ್ನಲ್ ಮತ್ತೆ ಬಿಲ್ಡ್ ಮಾಡಬೇಕಿಲ್ಲ. ನನಗೆ ಕರ್ನಲ್‌ನಲ್ಲಿ ತುಂಬಾ ಇಷ್ಟವಾದ ಸೌಲಭ್ಯಗಳಲ್ಲಿ ಇದೂ ಒಂದು.

ನೋಡಿ, ಆಮೇಲೆ ಕಳಿಸಿ

ಸೋರ್ಸ್ ಇಳಿಸುವುದನ್ನು ಕಾಲೇಜಿನ ವೈಫೈನಲ್ಲಿ ಮಾಡಿಕೊಳ್ಳಿ, ಇತಿಹಾಸ ಸಮೇತ ಕೆಲವು ಜಿಬಿ ಆಗುತ್ತದೆ. ಇತಿಹಾಸ ಬೇಕೇ ಬೇಕು, ಒಂದು ಮೆಸೇಜನ್ನು ಯಾರು, ಯಾಕೆ ಬರೆದರು ಅಂತ ಗಿಟ್ ಬ್ಲೇಮ್‌ನಲ್ಲಿ ನೋಡದೆ ತಿದ್ದಬಾರದು. ತಿದ್ದಿದ ಮೇಲೆ ಬಿಲ್ಡ್ ಮಾಡಿ. ಡಿವೈಸ್ ಕೈಯಲ್ಲಿದ್ದರೆ ಲಾಗನ್ನು ಓಡುತ್ತಾ ಬಿಟ್ಟು ಕೇಬಲ್ ಕಿತ್ತು ನೋಡಿ, ನೀವು ಬರೆದ ಸಾಲು ನಿಜವಾಗಿ ಬರುತ್ತದಾ ಅಂತ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಕ್ಯೂಎಮು ಒಳಗೆ ಮಾಡಿದರೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುವ ಭಯವೂ ಇಲ್ಲ.

ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಅದು ಮುರಿದ ಸಾಲು, ಬೇಡದ ಮೆಮೊರಿ ಮೆಸೇಜ್, ನೇರ ಪ್ರಿಂಟ್‌ಕೆ ಎಲ್ಲವನ್ನೂ ಹಿಡಿಯುತ್ತದೆ. ಆದರೆ ಅದನ್ನು ಹಳೆಯ ಫೈಲುಗಳ ಮೇಲೆಲ್ಲ ಓಡಿಸಿ, ಹೇಳಿದ್ದನ್ನೆಲ್ಲ ಬದಲಿಸಿ ನೂರು ಪ್ಯಾಚ್ ಕಳಿಸಬೇಡಿ. ಮೇಂಟೇನರ್‌ಗಳಿಗೆ ಅದು ಬರೀ ಹೊರೆ. ಅಂಥ ಕ್ಲೀನಪ್‌ಗೆ ಡ್ರೈವರ್ಸ್ ಫೋಲ್ಡರ್ ಒಳಗಿನ ಸ್ಟೇಜಿಂಗ್ (ಇನ್ನೂ ಪೂರ್ತಿ ಸಿದ್ಧವಾಗದ ಡ್ರೈವರ್‌ಗಳನ್ನು ಇಡುವ ಫೋಲ್ಡರ್) ಸರಿಯಾದ ಜಾಗ, ಹೊಸಬರು ಅಲ್ಲಿಂದ ಶುರು ಮಾಡುವುದು ವಾಡಿಕೆ.

ಒಂದು ಪ್ಯಾಚ್‌ನಲ್ಲಿ ಒಂದೇ ಥರದ ಬದಲಾವಣೆ ಇರಲಿ. ವಿವರಣೆಯಲ್ಲಿ ಮೊದಲು ಏನು ಬರುತ್ತಿತ್ತು, ಅದರಿಂದ ಯಾರಿಗೆ ಏನು ತೊಂದರೆ, ಈಗ ಏನು ಬರುತ್ತದೆ ಅಂತ ಬರೆಯಿರಿ. ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ. ಸೈನ್ಡ್-ಆಫ್-ಬೈ (ಈ ಕೋಡ್ ಕಳಿಸುವ ಹಕ್ಕು ನನಗಿದೆ ಅನ್ನುವ ಸಹಿ) ಸಾಲಿನಲ್ಲಿ ನಿಮ್ಮ ಹೆಸರು ಹಾಕಿ, ಗಿಟ್ ಸೆಂಡ್-ಇಮೇಲ್‌ನಿಂದ ಬರೀ ಅಕ್ಷರ ರೂಪದ ಮೇಲ್ ಆಗಿ ಕಳಿಸಿ, ಅಟ್ಯಾಚ್ ಮಾಡಬೇಡಿ.

ಉತ್ತರಕ್ಕೆ ಒಂದೆರಡು ವಾರ ಕಾಯಿರಿ. ಹೊಸ ಆವೃತ್ತಿಗೆ ಕೋಡ್ ಸೇರಿಸುವ ಎರಡು ವಾರದ ಮರ್ಜ್ ವಿಂಡೋದಲ್ಲಿ ಎಲ್ಲರಿಗೂ ಕೈತುಂಬಾ ಕೆಲಸ ಇರುತ್ತದೆ, ಆಗ ಇನ್ನೂ ತಡ. "ಈ ಲೆವೆಲ್ ಯಾಕೆ?" ಅಂತ ಕೇಳಿದರೆ ಅದು ಬೈಗುಳ ಅಲ್ಲ, ಕಾರಣ ಹೇಳಿ ಇಲ್ಲವೇ ತಿದ್ದಿ. ಎರಡನೇ ಸಲ ಕಳಿಸುವಾಗ ವಿಷಯದ ಸಾಲಿನಲ್ಲಿ ವಿ2 ಅಂತ ಹಾಕಿ, ಏನು ಬದಲಿಸಿದಿರಿ ಅನ್ನುವುದನ್ನು ಮೂರು ಅಡ್ಡಗೆರೆಯ ಸಾಲಿನ ಕೆಳಗೆ ಬರೆಯಿರಿ. ಅಲ್ಲಿ ಬರೆದದ್ದು ಇತಿಹಾಸಕ್ಕೆ ಸೇರುವುದಿಲ್ಲ, ಓದಿ ನೋಡುವವರಿಗೆ ಮಾತ್ರ ಕಾಣುತ್ತದೆ.